ಶಾಲೆಗೆ ಹೋದ ಕ್ಷೌರದ ಕುರ್ಚಿ

ನಾನೊಂದು ಕ್ಷೌರದ ಕುರ್ಚಿ. ಹುಬ್ಬಳ್ಳಿಯ ಬಡಗಿಯೊಬ್ಬನ ಅಂಗಳದಲ್ಲಿ, ಯಾವುದೋ ಹಳೆಯ ಕಟ್ಟಡದಿಂದ ಬಿಚ್ಚಿ ತಂದ ಸಾಗವಾನಿ ತೊಲೆಯಿಂದ ಹುಟ್ಟಿದೆ. ಬಡಗಿ ನನಗೆ ಅಗಲವಾದ ಕೈಗಳನ್ನು ಕೊಟ್ಟ. ಬೆನ್ನಿಗೂ ಕೂರುವ ಕಡೆಗೂ ಕೆಂಪು ರೆಕ್ಸಿನ್ ಹೊದಿಸಿದ. ಮಕ್ಕಳು ಬಂದರೆ ಎತ್ತರಕ್ಕೆ ಕೂರಿಸಲೆಂದು ಎರಡೂ ಕೈಗಳ ಮೇಲೆ ಅಡ್ಡ ಇಡುವ ಹಲಗೆಯೊಂದನ್ನೂ ಮಾಡಿದ.

ಮೊದಲ ಕೆಲಸ ಅದೇ ಊರಿನ ಒಂದು ಸಲೂನಿನಲ್ಲಿ. ನನಗೆ ಬುದ್ಧಿ ಬಂದದ್ದು ಅಲ್ಲಿ, ಕೆಟ್ಟದ್ದೂ ಅಲ್ಲಿಯೇ. ಒಬ್ಬ ಎದ್ದು ಹೋದ ಕೂಡಲೇ ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ಅವನ ವಿಷಯ ಎತ್ತುತ್ತಿದ್ದರು. ಯಾರಾದರೂ ಗುಡಿಗೆ ಗಂಟೆ ಕೊಟ್ಟರೆ, ಅದರ ಹಿಂದೆ ಏನಿದೆ? ಯಾರಾದರೂ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಆಸ್ತಿ ಯಾರ ಹೆಸರಿನಲ್ಲಿದೆ? ಸುಮ್ಮಸುಮ್ಮನೆ ಯಾರೂ ಏನೂ ಮಾಡುವುದಿಲ್ಲ ಎಂಬುದು ಆ ಅಂಗಡಿಯಲ್ಲಿ ಎಲ್ಲರೂ ಒಪ್ಪಿದ ಮಾತು. ವರ್ಷಗಟ್ಟಲೆ ಕೇಳಿ ಕೇಳಿ ನಾನೂ ಒಪ್ಪಿಕೊಂಡೆ.

ಅಲ್ಲಿ ಕೆಲಸಕ್ಕಿದ್ದವನು ಸೂಗಪ್ಪ ಹಡಪದ. ಸಣಕಲು ಆಳು, ಮಾತು ಕಡಿಮೆ. ಮಾಲೀಕರು ಮೇಲೆ ಕೆಳಗೆ ಏರಿಳಿಯುವ ಹೊಸ ಕುರ್ಚಿಗಳನ್ನು ತರಿಸಿದಾಗ, ಸೂಗಪ್ಪ ನನ್ನನ್ನು ಕೇಳಿ ಪಡೆದ. ಅದೇ ಸಮಯದಲ್ಲಿ ಅವನ ಮಾವ ತೀರಿಹೋಗಿದ್ದರು. ಅವರು ರಾಯಚೂರು ಕಡೆಯ ಕಲ್ಲಗೋನಾಳದಲ್ಲಿ ಕ್ಷೌರ ಮಾಡಿಕೊಂಡಿದ್ದವರು, ಗಂಡುಮಕ್ಕಳಿರಲಿಲ್ಲ. ಸೂಗಪ್ಪ ಹೆಂಡತಿ ಅಮರಮ್ಮನ ಜೊತೆ ಅಲ್ಲಿಗೆ ಹೊರಟ. ಟೆಂಪೊದ ಹಿಂಬದಿಯಲ್ಲಿ ಹಾಸಿಗೆ, ಕನ್ನಡಿ, ಪಾತ್ರೆಗಳ ನಡುವೆ ಕೂತು ನಾನೂ ಹೋದೆ.

ಬಸ್ ನಿಲ್ಲುವ ಜಾಗದ ಎದುರು ಅಂಗಡಿ ಇಟ್ಟ, ಅದರ ಹಿಂಬದಿಗೇ ಮನೆ. ಊರವರು ಬರತೊಡಗಿದರು. ಬೇಗ ನನಗೆ ಒಂದು ಸಂಗತಿ ಗಮನಕ್ಕೆ ಬಂತು. ಊರಾಚೆಯ ಕೆಳಗೇರಿಯವರು ನನ್ನ ಮೇಲೆ ಕೂರುತ್ತಿರಲಿಲ್ಲ. ಕೂರಬೇಡಿ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಒಮ್ಮೆ ಅಲ್ಲಿಯ ಒಬ್ಬ ಯುವಕ ಬಾಗಿಲಿಗೆ ಬಂದು ನಿಂತ. ಬೆಂಚಿನ ಮೇಲಿದ್ದವರ ಮಾತು ನಿಂತಿತು. ಸೂಗಪ್ಪನ ಕತ್ತರಿಯೂ ನಿಂತಿತು. ಯುವಕ ಸ್ವಲ್ಪ ಹೊತ್ತು ಕನ್ನಡಿಯನ್ನು ನೋಡಿ, ಬಂದ ದಾರಿಯಲ್ಲೇ ಹೋದ. ಆ ಕೇರಿಯವರು ಸಂತೆಯ ದಿನ ಬಸ್ ಹತ್ತಿ ದೂರದ ಪೇಟೆಗೆ ಹೋಗಿ ಕ್ಷೌರ ಮಾಡಿಸಿಕೊಂಡು ಬರುತ್ತಿದ್ದರು.

ಒಂದು ಮಧ್ಯಾಹ್ನ ಊರ ಶಾಲೆಯ ಮುಖ್ಯೋಪಾಧ್ಯಾಯಿನಿ ಕಸ್ತೂರಿ ಮೇಡಂ ಅಂಗಡಿಗೆ ಬಂದರು. ಹೆಂಗಸರು ಬರುವ ಜಾಗವಲ್ಲ ಅದು. ಒಳಗೆ ಕಾಲಿಡದೆ ಹೊಸ್ತಿಲ ಹೊರಗೇ ನಿಂತು ಮಾತಾಡಿದರು.

"ಸೂಗಪ್ಪ, ಹುಡುಗರ ಕೂದಲು ಕಣ್ಣಿಗೆ ಬೀಳಾಕ ಹತ್ಯಾವ. ಹೇನು ಒಂದು ಕಡಿ, ಹುಣ್ಣು ಒಂದು ಕಡಿ. ಕೆಳಗೇರಿ ಹುಡುಗರು ನಾಚಿಕೊಂಡು ಸಾಲಿಗೇ ಬರವಲ್ಲವು. ತಂದೆ ತಾಯಿಗೆ ಪೇಟಿಗೆ ಕರ್ಕೊಂಡು ಹೋಗಾಕ ಪುರಸೊತ್ತಿಲ್ಲ. ನೀನು ಶನಿವಾರ ಸಾಲಿಗೆ ಬಂದು ಕಟಿಂಗ್ ಮಾಡಿಕೊಡ್ತೀಯೇನು? ಕೊಡಾಕ ನನ್ನ ಹತ್ರ ಏನೂ ಇಲ್ಲ."

"ಎಲ್ಲಾರದೂನಾ ಮೇಡಂ?" ಎಂದ ಸೂಗಪ್ಪ.

"ಎಲ್ಲಾರದೂ. ಕ್ಲಾಸಿನ್ಯಾಗ ಹೆಂಗ ಕುಂತಿರತಾವೋ ಅದೇ ಸಾಲಿನ್ಯಾಗ."

ಸೂಗಪ್ಪ ಬಾಚಣಿಗೆಯನ್ನು ಒರೆಸಿದ. ಮತ್ತೆ ಒರೆಸಿದ. "ಬರ್ತೀನಿ ತಗೋರಿ" ಎಂದ.

ಯಾಕೆ ಒಪ್ಪಿದ? ಅಂದಿನಿಂದ ನನ್ನ ತಲೆಯನ್ನು ಕೊರೆದ ಪ್ರಶ್ನೆ ಅದು. ಹುಬ್ಬಳ್ಳಿಯ ಬೆಂಚು ನನಗೆ ಕಲಿಸಿದ್ದ ಉತ್ತರಗಳನ್ನೆಲ್ಲ ಅವನಿಗೆ ಹೊಂದಿಸಿ ನೋಡಿದೆ. ಒಂದೂ ಸರಿಯಾಗಿ ಕೂರಲಿಲ್ಲ.

ಶನಿವಾರ ನನ್ನನ್ನು ತಳ್ಳುಬಂಡಿಯ ಮೇಲೆ ಏರಿಸಿ ಶಾಲೆಗೆ ಒಯ್ದ. ಅಂಗಳದ ಬೇವಿನ ಮರದ ಕೆಳಗೆ ಇಳಿಸಿದ. ಮಕ್ಕಳು ಸಾಲಾಗಿ ನಿಂತರು. ಹಲಗೆ ಇಟ್ಟ, ಒಂದೊಂದಾಗಿ ಹತ್ತಿಸಿದ. ಊರ ಹಿರಿಯ ಪಂಪನಗೌಡರ ಮೊಮ್ಮಗ ಇಳಿದ ಮೇಲೆ ಕೆಳಗೇರಿಯ ಮರಿಸ್ವಾಮಿ ಹತ್ತಿದ. ಅವನ ಹಿಂದೆ ಕಿರಾಣಿ ಅಂಗಡಿಯವರ ಮಗ. ಅದೇ ಬಟ್ಟೆ, ಅದೇ ಕತ್ತರಿ. ಒಬ್ಬನ ತಲೆ ಮುಗಿದಾಗ ಕತ್ತರಿಯನ್ನು ಬಿಸಿನೀರಿನಲ್ಲಿ ಅದ್ದಿ ತೆಗೆಯುತ್ತಿದ್ದ. ಎಲ್ಲರಿಗೂ ಹಾಗೆಯೇ.

ಸಂಜೆಯ ಹೊತ್ತಿಗೆ ಊರಿನ ಬಾಯಿ ತೆರೆದಿತ್ತು. ಸೂಗಪ್ಪ ಪಂಚಾಯ್ತಿ ಚುನಾವಣೆಗೆ ನಿಲ್ಲುತ್ತಾನೆ ಎಂದರು ಕೆಲವರು. ಕೂದಲು ಮಾರುತ್ತಾನೆ, ಅದರಿಂದ ಚೌರಿ ಮಾಡುವವರು ಇದ್ದಾರೆ ಎಂದರು ಕೆಲವರು. ಮನೆಯಲ್ಲಿ ಅಮರಮ್ಮನ ಅನುಮಾನ ಬೇರೆಯೇ ದಾರಿ ಹಿಡಿದಿತ್ತು.

"ಆ ಮೇಡಂ ಕರದ ಕೂಡಲೇ ಓಡಿ ಹೋಗಾಕ, ಆಕಿ ನಿನಗ ಏನಾಗಬೇಕು?" ಎಂದು ಕೇಳಿದಳು.

"ಏನೂ ಆಗಬೇಕಿಲ್ಲ."

"ಹಂಗಾದ್ರ ನಾನೂ ಬರ್ತೀನಿ. ಕಣ್ಣಾರೆ ನೋಡ್ತೀನಿ."

ಮುಂದಿನ ಶನಿವಾರ ಅವಳು ಬಂದಳು. ಜಗುಲಿಯ ಕಂಬಕ್ಕೆ ಒರಗಿ ಮೇಡಂ ಕಡೆಗೊಮ್ಮೆ, ಗಂಡನ ಕಡೆಗೊಮ್ಮೆ ನೋಡುತ್ತ ನಿಂತಳು. ಮೇಡಂ ಒಂದು ಮಗುವಿನ ಮೂಗು ಒರೆಸುತ್ತಿದ್ದರು. ಗಂಡ ಕತ್ತರಿ ಆಡಿಸುತ್ತಿದ್ದ. ಹೀಗೆ ಎಷ್ಟು ಹೊತ್ತು ನೋಡುವುದು? ಪಕ್ಕದಲ್ಲಿ ಒಂದು ಹುಡುಗಿ ಎರಡೂ ಕೈಯಿಂದ ತಲೆ ಕೆರೆದುಕೊಳ್ಳುತ್ತಿದ್ದಳು. ಅಮರಮ್ಮನಿಗೆ ಅದನ್ನು ನೋಡಿಕೊಂಡು ಇರಲಾಗಲಿಲ್ಲ. ಮನೆಗೆ ಹೋಗಿ ಸೀರಣಿಗೆ, ಬೇವಿನೆಣ್ಣೆ ತಂದು, ಹುಡುಗಿಯನ್ನು ಮೊಣಕಾಲ ನಡುವೆ ಕೂರಿಸಿಕೊಂಡು ಹೇನು ಬಾಚತೊಡಗಿದಳು. ಅದರ ಮುಂದಿನ ವಾರ ಅವಳ ಮುಂದೆಯೂ ಒಂದು ಸಾಲು ಇತ್ತು.

ಆದರೆ ಅಮರಮ್ಮನಿಗಿಂತ ಚೂಪಾದ ಕಣ್ಣು ಇನ್ನೊಂದಿತ್ತು. ಮರಿಸ್ವಾಮಿಯ ತಾಯಿ ದುರುಗಮ್ಮ. ಮೊದಲ ದಿನವೇ ಹೊಲದ ಕೆಲಸ ಬಿಟ್ಟು ಬಂದು, ನನ್ನ ಬಲಗಡೆ ಕೈಕಟ್ಟಿಕೊಂಡು ನಿಂತಿದ್ದಳು. ಮಗನ ತಲೆಯನ್ನು ಬೇಕೆಂದೇ ಅಡ್ಡಾದಿಡ್ಡಿ ಕತ್ತರಿಸಿ ನಗೆಪಾಟಲು ಮಾಡಿಯಾರು ಎಂಬ ಭಯ ಅವಳಿಗೆ. ಹಾಗೆ ಮಾಡಿದವರನ್ನು ಅವಳು ಕಂಡಿದ್ದಳು.

"ನಿನಗೇನು ಸಿಗತೈತಪಾ ಇದರಾಗ?" ಎಂದು ನೇರವಾಗಿ ಕೇಳಿದಳು.

"ಗೊತ್ತಿಲ್ಲಕ್ಕಾ" ಎಂದ ಸೂಗಪ್ಪ.

ಆ ಉತ್ತರ ಅವಳ ಗುಮಾನಿಯನ್ನು ಇನ್ನಷ್ಟು ಹೆಚ್ಚಿಸಿತು. ನನ್ನದನ್ನೂ. ಪುಣ್ಯ ಬರುತ್ತದೆ ಎಂದಿದ್ದರೂ ಒಂದು ಲೆಕ್ಕ ಸಿಗುತ್ತಿತ್ತು.

ಕೂದಲು ಮಾರುತ್ತಾನೆ ಎಂಬ ಮಾತು ಕಿವಿಗೆ ಬಿದ್ದ ಮೇಲಂತೂ ಅವಳು ಮಕ್ಕಳ ಕಟಿಂಗ್ ಮುಗಿದರೂ ಹೋಗುತ್ತಿರಲಿಲ್ಲ. ಒಂದು ಶನಿವಾರ ಸೂಗಪ್ಪ ಕೂದಲನ್ನು ಚೀಲಕ್ಕೆ ತುಂಬಿ ಶಾಲೆಯ ಹಿಂದೆ ಹೋದ. ಅವಳೂ ಹಿಂದೆ ಹೋದಳು. ಅಲ್ಲಿ ಮಕ್ಕಳು ಕರಿಬೇವು, ನುಗ್ಗೆ ಹಾಕಿದ್ದರು. ಪಕ್ಕದ ಗೊಬ್ಬರದ ಗುಂಡಿಗೆ ಅವನು ಚೀಲ ಸುರಿದು ಬಂದ ಮೇಲೆ ಅವಳು ಕೋಲಿನಿಂದ ಕೆದಕಿ ನೋಡಿದಳಂತೆ. ಕೂದಲೇ ಇತ್ತು. ವಾಪಸು ಬಂದವಳು ನನ್ನ ಸುತ್ತ ಉಳಿದಿದ್ದ ಕೂದಲನ್ನು ಪೊರಕೆ ಹಿಡಿದು ಗುಡಿಸಿದಳು. "ಮಕ್ಕಳ ಊಟದಾಗ ಬೀಳತಾವು" ಎಂದು ಯಾರಿಗೂ ಅಲ್ಲದಂತೆ ಹೇಳಿದಳು. ಅವತ್ತಿನಿಂದ ಗುಡಿಸುವ ಕೆಲಸ ಅವಳದಾಯಿತು. ಕಣ್ಣು ಮಾತ್ರ ಕತ್ತರಿಯ ಮೇಲೇ ಇರುತ್ತಿತ್ತು.

ಇತ್ತ ಅಂಗಡಿಗೆ ಬರುವವರು ಕಡಿಮೆಯಾದರು. ಭಾನುವಾರ ಬೆಳಿಗ್ಗೆ ತುಂಬಿರುತ್ತಿದ್ದ ಬೆಂಚು ಖಾಲಿ ಬಿತ್ತು. ಬಂದವರೂ ನನ್ನ ಮೇಲೆ ಕೂರುವ ಮೊದಲು ತಮ್ಮದೇ ಟವಲ್ ಹಾಸಿಕೊಳ್ಳುತ್ತಿದ್ದರು. ಮನೆಯಲ್ಲಿ ಅಮರಮ್ಮ ರೊಟ್ಟಿಯ ಹಿಟ್ಟನ್ನು ನೋಡಿ ನೋಡಿ ತೆಗೆಯುತ್ತಿದ್ದಳು. ಸೂಗಪ್ಪ ಖಾಲಿ ಅಂಗಡಿಯಲ್ಲಿ ಕನ್ನಡಿ ಒರೆಸುತ್ತ ಕಾಲ ಕಳೆಯುತ್ತಿದ್ದ. ಅವನಿಗೆ ಭಯವಾಗಿತ್ತು. ನನ್ನ ಬೆನ್ನಿನ ಮೇಲೆ ಇಟ್ಟ ಅವನ ಕೈಯಿಂದ ಅದು ನನಗೆ ತಿಳಿಯುತ್ತಿತ್ತು.

ಒಂದು ದಿನ ಪಂಪನಗೌಡರು ಬಂದರು. ಊರಿನಲ್ಲಿ ಅವರ ಮಾತಿಗೆ ಬೆಲೆ. ಆದರೆ ಎಂದೂ ದನಿ ಏರಿಸಿದವರಲ್ಲ.

"ನೀ ಮಾಡೋದು ಚೊಲೋ ಕೆಲಸ ಸೂಗಪ್ಪ. ನಾ ಬ್ಯಾಡ ಅನ್ನಾಂಗಿಲ್ಲ" ಎಂದರು. "ಆದ್ರ ಮಂದಿ ಮನಸು ನೋಯಿಸಬಾರದು. ಸಾಲಿಗೆ ಒಂದು ಕುರ್ಚಿ, ಅಂಗಡಿಗೆ ಒಂದು ಕುರ್ಚಿ. ಬ್ಯಾರೆ ಬ್ಯಾರೆ ಇಡು. ಹೊಸಾದು ನಾನೇ ಕೊಡಸ್ತೀನಿ. ಯಾರಿಗೂ ತ್ರಾಸಿಲ್ಲ."

ಎಷ್ಟು ಮೃದುವಾದ ಮಾತು. ಇಷ್ಟು ಮೃದುವಾಗಿ ಹೇಳಿದ್ದರಿಂದಲೇ ನಾನು ಬೆದರಿದೆ. ಸೂಗಪ್ಪ ತಲೆ ತಗ್ಗಿಸಿ, "ಹೂಂರಿ ಗೌಡ್ರೆ" ಎಂದ. ಮುಗಿಯಿತು, ಇವನೂ ಬಗ್ಗಿದ ಎಂದುಕೊಂಡೆ. ಸುದ್ದಿ ಕೆಳಗೇರಿಗೆ ತಲುಪಲು ಹೊತ್ತಾಗಲಿಲ್ಲ. ದುರುಗಮ್ಮ ಅಂಗಡಿಯ ಎದುರು ಹಾದುಹೋಗುವಾಗ ನಿಂತು, ಒಳಗೆ ನೋಡಿ, "ನನಗ ಮೊದಲೇ ಗೊತ್ತಿತ್ತು" ಎಂದಷ್ಟೇ ಹೇಳಿ ಹೋದಳು.

ಹೊಸ ಕುರ್ಚಿ ಬಂತು. ಕಪ್ಪು ಬಣ್ಣ, ಮೆತ್ತನೆಯ ಸೀಟು, ಕಾಲಿನಿಂದ ಒತ್ತಿದರೆ ಏರುತ್ತಿತ್ತು, ಇಳಿಯುತ್ತಿತ್ತು. ಅದನ್ನು ಕನ್ನಡಿಯ ಎದುರಿಗಿಟ್ಟು ನನ್ನನ್ನು ಮೂಲೆಗೆ ಸರಿಸಿದರು. ಆ ವಾರ ಬೆಂಚು ಮತ್ತೆ ತುಂಬಿತು.

ಶನಿವಾರ ಸೂಗಪ್ಪ ತಳ್ಳುಬಂಡಿ ತಂದ. ನನ್ನ ಬಳಿ ಬಂದು ನಿಂತ. ಆಮೇಲೆ ತಿರುಗಿ, ಹೊಸ ಕುರ್ಚಿಯ ಎರಡೂ ಕೈ ಹಿಡಿದು ಎತ್ತಿದ. ಅಮರಮ್ಮ ಬಾಗಿಲಲ್ಲಿ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಇನ್ನೊಂದು ಬದಿಗೆ ಕೈ ಹಾಕಿದಳು. ಇಬ್ಬರೂ ಸೇರಿ ಅದನ್ನು ಬಂಡಿಗೆ ಏರಿಸಿ ಶಾಲೆಗೆ ಒಯ್ದರು. ಸಂಜೆ ಬರಿಗೈಯಲ್ಲಿ ಬಂದು, ನನ್ನನ್ನು ಮತ್ತೆ ಕನ್ನಡಿಯ ಎದುರಿಗೆ ಎಳೆದರು.

ಮರುದಿನ ಬೆಳಿಗ್ಗೆ ಗೌಡರು ದಾಡಿಗೆ ಬಂದರು.

"ಹೊಸಾದು ಎಲ್ಲೈತಿ?"

"ಸಾಲ್ಯಾಗ ಐತ್ರಿ. ಸಣ್ಣ ಹುಡುಗರಿಗೆ ಇದು ತಗ್ಗಾಗತಿತ್ತು, ಹಲಗಿ ಇಡಬೇಕಾಗತಿತ್ತು. ಅದು ಮ್ಯಾಲ ಏರತೈತಿ."

"ನಾ ಹೇಳಿದ್ದೇನು, ನೀ ಮಾಡಿದ್ದೇನು?"

"ಸಾಲಿಗೆ ಬ್ಯಾರೆ ಕುರ್ಚಿ ಅಂದ್ರಿ. ಬ್ಯಾರೇನ ಒಯ್ದೀನ್ರಿ." ಸೂಗಪ್ಪ ನನ್ನ ಬೆನ್ನನ್ನು ಬಟ್ಟೆಯಿಂದ ಒರೆಸಿದ. "ನಿಮ್ಮ ಮೊಮ್ಮಗ ಮೊದಲು ಕುಂತ. ಅವನ ಹಿಂದ ಮರಿಸ್ವಾಮಿ. ಇಬ್ಬರೂ ಏರಿಸು ಇಳಿಸು ಅಂತ ಗಂಟು ಬಿದ್ದಿದ್ರು."

ಗೌಡರು ನನ್ನನ್ನು ನೋಡಿದರು. ಇಷ್ಟು ಶನಿವಾರ ಬೇವಿನ ಮರದ ಕೆಳಗೆ ನಿಂತು ಬಂದ ಕುರ್ಚಿ ನಾನು. ಶಾಲೆಯಲ್ಲಿರುವ ಹೊಸದೂ ನಿನ್ನೆಯಿಂದ ಅಂಥದ್ದೇ ಆಗಿತ್ತು. ಊರಿನಲ್ಲಿ ಅವರು ಕೂರುವಂಥ ಮೂರನೆಯ ಕುರ್ಚಿ ಇರಲಿಲ್ಲ. ಗಲ್ಲದ ಮೇಲೆ ಕೈಯಾಡಿಸಿಕೊಂಡು ಹೊರಟುಹೋದರು. ಆಮೇಲೆ ಅವರು ಎಂದೂ ನಮ್ಮ ಅಂಗಡಿಗೆ ಬರಲಿಲ್ಲ. ದಾಡಿಗೆ ಪೇಟೆಗೇ ಹೋಗುತ್ತಿದ್ದರು. ಮೊಮ್ಮಗನನ್ನು ಮಾತ್ರ ಶಾಲೆಯ ಸಾಲಿನಿಂದ ಬಿಡಿಸಲಾಗಲಿಲ್ಲ. ಹುಡುಗ ಹಟ ಹಿಡಿದು ಅಳುತ್ತಿದ್ದನಂತೆ.

ಅದಾದ ಮೇಲೆ ನಾವು ಕಷ್ಟದ ದಿನಗಳನ್ನು ಕಂಡೆವು. ಅಮರಮ್ಮ ಕೂಲಿಗೆ ಹೋದಳು. ಯಾರೋ ಅಂಗಡಿಯ ಕನ್ನಡಿಗೆ ಕಲ್ಲು ಹೊಡೆದರು. ಯಾರೆಂದು ತಿಳಿಯಲಿಲ್ಲ. ಬಂದು ಹೋಗುವ ಪ್ರತಿಯೊಬ್ಬನ ಕೈಯನ್ನೂ ನಾನು ಸಂಶಯದಿಂದ ನೋಡಿದೆ. ಒಡೆದ ಕನ್ನಡಿಯಲ್ಲೇ ಸೂಗಪ್ಪ ಕೆಲಸ ಮಾಡಿದ.

ಒಂದು ಬುಧವಾರ ನಡುಹಗಲಿನಲ್ಲಿ ದುರುಗಮ್ಮ ಬಂದಳು. ಜೊತೆಯಲ್ಲಿ ಅವಳ ತಂದೆ ತಾಯಪ್ಪ ತಾತ. ಬೆಂಚಿನ ಮೇಲೆ ಇಬ್ಬರು ಕಾಯುತ್ತಿದ್ದರು. ಅವರ ಮಾತು ನಿಂತಿತು. ಈ ಸಲ ಕತ್ತರಿ ನಿಲ್ಲಲಿಲ್ಲ. ಕೈಯಲ್ಲಿದ್ದ ತಲೆಯನ್ನು ಮುಗಿಸಿ ಸೂಗಪ್ಪ, "ಇವರು ಇಬ್ಬರು ಆಗಲಿ ತಾತ, ಆಮ್ಯಾಲ ನಿಮ್ದು. ಬೆಂಚಿನ ಮ್ಯಾಲ ಕುಂದ್ರಿ" ಎಂದ. ಇಬ್ಬರಲ್ಲಿ ಒಬ್ಬ ಎದ್ದು ಹೋದ. ಇನ್ನೊಬ್ಬ ಸ್ವಲ್ಪ ಯೋಚಿಸಿ, ಬದಿಗೆ ಸರಿದು ಜಾಗ ಬಿಟ್ಟ.

ತಾತನ ಸರದಿ ಬಂದಾಗ ಅವರು ನನ್ನ ತುದಿಯಲ್ಲಿ ಮಾತ್ರ ಕೂತರು. ಕೈಗಳನ್ನು ತೊಡೆಯ ನಡುವೆ ಹುದುಗಿಸಿಕೊಂಡರು. ಬೆನ್ನು ನನಗೆ ತಾಕಲಿಲ್ಲ.

"ಒರಗ್ರಿ ತಾತ. ದಾಡಿ ಮಾಡಾಕ ಕುತ್ತಿಗಿ ಸಿಗಬೇಕು."

ತಾತ ಮಗಳ ಮುಖ ನೋಡಿದರು. ದುರುಗಮ್ಮ ಕೈಕಟ್ಟಿಕೊಂಡೇ, "ಒರಗು ಯಪ್ಪಾ. ನಾ ನೋಡ್ಕೊಂಡು ನಿಂತೀನಿ" ಎಂದಳು. ಅವರು ನಿಧಾನವಾಗಿ ಒರಗಿದರು. ಮೊದಲು ಬೆನ್ನು, ಆಮೇಲೆ ತಲೆ. ಬಿಸಿನೀರು ಹಚ್ಚಿದಾಗ ಕಣ್ಣು ಮುಚ್ಚಿದರು. ದಾಡಿ ಮುಗಿಯುವ ಹೊತ್ತಿಗೆ ಅವರಿಗೆ ನಿದ್ದೆ ಹತ್ತಿತ್ತು. ಸೂಗಪ್ಪ ಎಬ್ಬಿಸಲಿಲ್ಲ. ಆಗಷ್ಟೇ ಬಂದ ಗಿರಾಕಿಗೆ ಕಾಯಲು ಹೇಳಿದ.

ಈಗ ಸೂಗಪ್ಪ ಇಲ್ಲ. ಅವನ ಅಂಗಡಿ ಇದ್ದಲ್ಲಿ ಬೇರೆ ಏನೋ ಇದೆ. ಕಸ್ತೂರಿ ಮೇಡಂ ಜಾಗಕ್ಕೆ ಬೇರೆ ಮೇಡಂ ಬಂದಿದ್ದಾರೆ. ಕಪ್ಪು ಕುರ್ಚಿ ನನಗಿಂತ ಮೊದಲೇ ಕೆಟ್ಟು ಗುಜರಿಗೆ ಹೋಯಿತು. ನನ್ನನ್ನು ಅಮರಮ್ಮ ಶಾಲೆಗೇ ಕೊಟ್ಟಳು. ಜಗುಲಿಯ ಮೂಲೆಯಲ್ಲಿದ್ದೇನೆ. ರೆಕ್ಸಿನ್ ಹರಿದು ನಾರು ಹೊರಗೆ ಬಂದಿದೆ. ಅಮರಮ್ಮ ಇಂದಿಗೂ ಶನಿವಾರ ಸೀರಣಿಗೆ ಹಿಡಿದು ಬರುತ್ತಾಳೆ. ಅವಳ ಕಣ್ಣು ಮಂಜಾಗಿದೆ, ಹೇನುಗಳನ್ನು ಬೆರಳಿನಿಂದಲೇ ಹುಡುಕುತ್ತಾಳೆ.

ಸೂಗಪ್ಪ ಯಾಕೆ ಒಪ್ಪಿದ ಎಂಬುದು ನನಗೆ ಕೊನೆಗೂ ತಿಳಿಯಲಿಲ್ಲ. ಅವನಿಗೂ ತಿಳಿದಿರಲಿಕ್ಕಿಲ್ಲ. ನಾನು ಅನುಮಾನಿಸುವುದನ್ನು ಬಿಟ್ಟಿಲ್ಲ. ಆದರೆ ಅನುಮಾನದಿಂದ ನೋಡಲು ಬಂದವರೇ ಈ ಅಂಗಳದಲ್ಲಿ ಹೆಚ್ಚು ದಿನ ಉಳಿದರು ಎಂಬುದನ್ನು ಕಂಡಿದ್ದೇನೆ.

ದುರುಗಮ್ಮನಿಗೂ ವಯಸ್ಸಾಗಿದೆ. ಈಗಲೂ ಅಂಗಳ ಗುಡಿಸಿ ದಣಿದಾಗ ನನ್ನ ಮೇಲೆ ಕೂರುತ್ತಾಳೆ. ಕಳೆದ ಶನಿವಾರ ಹಾಗೆ ಕೂತಿದ್ದಾಗ ಗೇಟಿನಲ್ಲಿ ಒಬ್ಬ ಅಪರಿಚಿತ ಕಂಡ. ಬ್ಯಾಂಕಿನಿಂದ ನಿವೃತ್ತನಾದವನಂತೆ, ಮಕ್ಕಳಿಗೆ ಗಣಿತ ಹೇಳಿಕೊಡಲು ಬಂದಿದ್ದಾನಂತೆ. ದುರುಗಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಯಾವ ಊರು, ಯಾರು ಕಳಿಸಿದರು, ಎಷ್ಟು ದಿನ ಬರುತ್ತೀ ಎಂದು ಒಂದೊಂದಾಗಿ ಕೇಳಿದಳು. ಅವನ ಉತ್ತರಗಳಲ್ಲಿ ಒಂದೂ ಅವಳಿಗೆ ಹಿಡಿಸಿದಂತೆ ಕಾಣಲಿಲ್ಲ.

"ಮೇಡಂ ಬರೋದು ತಡ ಐತಿ" ಎಂದು ಅವಳು ಮೊಣಕಾಲ ಮೇಲೆ ಕೈಯೂರಿ ಎದ್ದಳು. ನನ್ನ ಸೀಟನ್ನು ಸೆರಗಿನಿಂದ ಒರೆಸಿದಳು. "ಕುಂದ್ರು ಬಾ. ಬಲಗಡಿ ಕಾಲು ಅಳ್ಳಾಡತೈತಿ, ನೋಡ್ಕೊಂಡು ಕುಂದ್ರು."