ಸಾಕು ಎನ್ನಬೇಕಾದವಳು

ಬಾಗಿಲುಗಳ ನಡುವೆ ಉಳಿದಿದ್ದ ಬೆಳಕಿನ ಸೀಳು ದಾರದಷ್ಟಾಗಿ, ಇಲ್ಲವಾಯಿತು, ಲಿಫ್ಟಿನೊಳಗೆ ಈಗ ನಾವು ನಾಲ್ವರು ಮತ್ತು ಸೋಮಾರಿ, ಅವನ ಬಾಲ ನನ್ನ ಕಾಲಿಗೆ ತಾಗುತ್ತಿದೆ, ಒಂದು, ಎರಡು, ಎಣಿಸಬಾರದು, ಎಣಿಸಿದರೆ ಉಸಿರು ತಪ್ಪುತ್ತದೆ — ಎಡಕ್ಕೆ ಅಕ್ಕ, ಬಲಕ್ಕೆ ನಾಯಿಗಳಿಗೆ ತರಬೇತಿ ಕೊಡುವ ಮೇಡಂ, ಎದುರಿಗೆ ಕೈಕಟ್ಟಿ ನಿಂತಿರುವ ನಮ್ಮ ಧ್ವನಿಸಂಗ್ರಹಾಲಯದ ಮುಖ್ಯಸ್ಥರು, ಷರತ್ತು ಅವರದೇ, ನಾಲ್ಕು ಮಹಡಿ ಅಷ್ಟೇ, ನಾಯಿ ಬೊಗಳಬಾರದು, ನಿಮಗೆ ಹೆಚ್ಚುಕಡಿಮೆಯಾದರೆ ಬಿಟ್ಟು ಕದಲಬಾರದು, ಮಾಡಿ ತೋರಿಸಲಿ, ನಾಳೆಯಿಂದ ನಿಮ್ಮ ಮೇಜಿನ ಕೆಳಗೆ ಅದಕ್ಕೂ ಜಾಗ, ಇಲ್ಲಾಂದ್ರೆ ರಾಜೀನಾಮೆ ನೀವೇ ಬರೆದುಕೊಡ್ತೀರಿ ಅಲ್ವಾ, ಎಷ್ಟು ಮೆತ್ತಗೆ ಹೇಳಿದರು, ಅಂದಹಾಗೆ ಇದರ ಹೆಸರೇನು, ಸೋಮಾರಿ ಸರ್, ಸೋಮಾರಿನಾ, ನಮ್ಮಲ್ಲಿ ಆ ಹುದ್ದೆ ಆಗಲೇ ಭರ್ತಿಯಾಗಿದೆಯಲ್ಲಮ್ಮಾ, ತಮ್ಮ ಮಾತಿಗೆ ತಾವೇ ನಕ್ಕರು, ನಗಲಿ. ಇದೇ ಲಿಫ್ಟು, ಕಳೆದ ವರ್ಷ ನಾನು ಇದರಲ್ಲಿ ಕುಸಿದ ಕತೆಗೆ ಮೂರು ಪಾಠಾಂತರಗಳಿವೆ, ಕಾವಲುಗಾರನ ಪಾಠದಲ್ಲಿ ಲಿಫ್ಟು ಅರ್ಧ ಗಂಟೆ ಕೆಟ್ಟು ನಿಂತಿತ್ತು, ಅಕ್ಕನ ಪಾಠದಲ್ಲಿ ನಾನು ಬೆಳಗ್ಗೆ ಏನೂ ತಿಂದಿರಲಿಲ್ಲ, ಮುಖ್ಯಸ್ಥರ ಪಾಠದಲ್ಲಿ ನಾನು ಕೆಲಸ ತಪ್ಪಿಸಿಕೊಳ್ಳಲು ಬಿದ್ದೆ. ಲಿಫ್ಟು ಕೆಟ್ಟಿರಲಿಲ್ಲ, ಹೊಟ್ಟೆ ತುಂಬಿತ್ತು, ಕೆಲಸವೆಂದರೆ ನನಗೆ ಪ್ರಾಣ, ಭಯಕ್ಕೆ ಕಾರಣ ಬೇಕಿರಲಿಲ್ಲ, ಬಂದಿತು, ಇದು ನನ್ನ ಪಾಠ, ಹಳಬರು ಹೇಳಿದ ಕತೆಗಳನ್ನು ಟೇಪಿನಿಂದ ಅಕ್ಷರ ಬಿಡದೆ ಬರೆದಿಡುವವಳ ಕತೆಯನ್ನು ಯಾರೂ ಬರೆದುಕೊಳ್ಳಲಿಲ್ಲ. ಅಂದು ಮನೆಯಲ್ಲಿ ಗೋಡೆಗೊರಗಿ ಕುಳಿತಿದ್ದೆ, ಸೋಫಾ ಬಿಟ್ಟು ಜಪ್ಪಯ್ಯ ಎಂದರೂ ಇಳಿಯದ ಈ ನಾಯಿ ಇಳಿದು ಬಂದು, ಯಾರೂ ಕರೆಯದೆ, ಮೊಣಕಾಲಿನ ಮೇಲೆ ಗದ್ದ ಇಟ್ಟಿತು.

ಅವನು ತಾನಾಗಿ ಮಾಡಿದ್ದನ್ನೇ ಅವನಿಗೆ ಕಲಿಸೋಣ ಎಂದರು ಮೇಡಂ, ಎಂಟು ತಿಂಗಳು, ನನ್ನ ಉಸಿರು ಮೊಟಕಾದೊಡನೆ ಗದ್ದ, ಆಮೇಲೆ ಮುಂಗಾಲು, ಆಮೇಲೆ ಎದೆಯ ಪೂರ್ತಿ ಭಾರ, ಬಿಡು ಎನ್ನುವ ತನಕ ಬಿಡಬಾರದು, ಬಿಡಿಸೋಕೆ ನಿಮ್ಮ ಬಾಯಿಗೆ ಸಲೀಸಾಗಿ ಬರೋ ಒಂದು ಮಾತು ಆರಿಸಿಕೊಳ್ಳಿ, ಸಾಕು ಎಂದೆ, ಎಂಥ ಪೆದ್ದಿ ನಾನು, ಅದು ಎಲ್ಲರ ಬಾಯಿಗೂ ಸಲೀಸು, ನಮ್ಮ ಮನೆಯಲ್ಲಿ ನೀರು ಬಗ್ಗಿಸಿದರೆ ಸಾಕು, ಫ್ಯಾನು ಜೋರಾದರೆ ಸಾಕು, ನಾನು ಬಾಯಿ ತೆರೆದರೆ ಸಾಕು ಸಾಕು. ಹೋದ ತಿಂಗಳು ಸೋಮಾರಿಯ ಮೊದಲ ಪರೀಕ್ಷೆ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ, ನೆಲದ ಮೇಲೆ ನಾನು, ನನ್ನ ಮೇಲೆ ಅವನು, ಸುತ್ತ ಚಪ್ಪಲಿಗಳು, ಅಕ್ಕ ಬಗ್ಗಿ, ಸಾಕು ಏಳೇ, ಎಲ್ಲರೂ ನೋಡ್ತಿದ್ದಾರೆ, ಮುಖ ಎಲ್ಲಿ ಇಟ್ಕೊಳ್ಳಲಿ — ಸೋಮಾರಿ ವಿಧೇಯನಾಗಿ ಇಳಿದುಬಿಟ್ಟ, ಅವನ ತಪ್ಪಿಲ್ಲ, ಹೇಳಿಕೊಟ್ಟಷ್ಟನ್ನು ಮಾಡಿದ, ಭಾರ ಹೋಯಿತು, ನಾನೂ ಹೋದೆ. ಸಾಕುನಾಯಿ ಅಂದ್ರೆ ಸಾಕು ಅಂದ ತಕ್ಷಣ ಇಳಿಯೋ ನಾಯಿ ಅಂತ ನನಗೇನು ಗೊತ್ತು, ಆಟೋದಲ್ಲಿ ಅಕ್ಕ ಅಳುತ್ತಲೇ ಹೇಳಿದಳು, ನನಗೆ ನಗು ಬಂತು. ಪದ ಬದಲಾಯಿಸಿಬಿಡಿ, ಸುಲಭ, ಎಂದರು ಮೇಡಂ, ಇಲ್ಲ ಎಂದೆ, ಆಫೀಸಿನಲ್ಲಿ ಕುರ್ಚಿ ಬದಲಾಯಿಸಿಕೋ ಎಂದರು, ಬದಲಾಯಿಸಿಕೊಂಡೆ, ಲಿಫ್ಟು ಬಿಟ್ಟು ಮೆಟ್ಟಿಲು ಹತ್ತು ಎಂದರು, ಹತ್ತಿದೆ, ಪದವನ್ನು ಮಾತ್ರ ಕೊಡುವುದಿಲ್ಲ, ಅದು ನನ್ನದೂ ಹೌದು. ಟೇಪುಗಳಿಂದ ಒಂದೊಂದಾಗಿ ಕತ್ತರಿಸಿ ತೆಗೆದೆ, ಕತೆ ಹೇಳಿ ಗಂಟಲು ಒಣಗಿದವರ ಸಾಕು, ಮೊಮ್ಮಕ್ಕಳನ್ನು ಗದರುವ ಸಾಕು, ತೃಪ್ತಿಯ ಸಾಕು, ಕೆಮ್ಮಿನ ನಡುವೆ ಮುರಿದ ಸಾಕು, ನಲವತ್ತೊಂದು, ಹೇಳಿದವರ ವಯಸ್ಸು, ದನಿ, ಸಂದರ್ಭ ಎಲ್ಲ ಗುರುತು ಹಾಕಿ, ದಿನವೂ ಸಂಜೆ ಮನೆಯಲ್ಲಿ ಸೋಮಾರಿಯನ್ನು ಮಡಿಲ ಮೇಲೆ ಮಲಗಿಸಿಕೊಂಡು ಕೇಳಿಸಿದೆ, ಕದಲಿದರೆ ಏನೂ ಇಲ್ಲ, ಕದಲದಿದ್ದರೆ ತಿಂಡಿಯ ಚೂರು, ನಲವತ್ತೆರಡನೆಯದು ನನ್ನ ಬಾಯಿಯದು, ಅದಕ್ಕೆ ಮಾತ್ರ ಇಳಿಯಬೇಕು, ಹದಿನೈದನೆಯ ದಿನ ಅಕ್ಕ ತಾನೇ ಬಂದು ಎದುರಿಗೆ ಕೂತು ಸಾಕು ಸಾಕು ಸಾಕು ಎಂದು ಗಂಟಲು ಹರಿದುಕೊಂಡಳು, ಅವನು ಆಕಳಿಸಿದ.

ಎರಡನೆಯ ಮಹಡಿ, ದೀಪ ಒಮ್ಮೆ ಮಿಟುಕಿತು, ಅಷ್ಟೇ, ಇದು ನಟನೆಯಲ್ಲ, ನಟಿಸಿ ತೋರಿಸಬೇಕೆಂದಿದ್ದೆ, ಬಂದೇಬಿಟ್ಟಿತು, ಬೆರಳ ತುದಿ ತಣ್ಣಗೆ, ಗೋಡೆ ಹತ್ತಿರ, ಬೆನ್ನು ಜಾರುತ್ತಿದೆ, ನೆಲ — ಗದ್ದ. ಮುಂಗಾಲು. ಭಾರ. ಅಯ್ಯಯ್ಯೋ ಏನಾಯ್ತು, ಮುಖ್ಯಸ್ಥರ ದನಿ ಎಲ್ಲಿಂದಲೋ, ಸಾಕು ಸಾಕು, ಗೊತ್ತಾಯ್ತು, ಎಬ್ಬಿಸಿ ಅದನ್ನ, ಸೋಮಾರಿಯ ಕಿವಿ ಕೂಡ ಅಲುಗಲಿಲ್ಲ, ಅವರ ಸಾಕು ನಲವತ್ತೊಂದರಲ್ಲಿ ಇಲ್ಲ, ಹೊಸ ಪಾಠ, ಆಮೇಲೆ ಬರೆದುಕೊಳ್ಳಬೇಕು. ಬಾಗಿಲು ತೆರೆಯಿತು, ನಾಲ್ಕನೆಯ ಮಹಡಿ, ಹೊರಗೆ ಕಡತ ಹಿಡಿದವರು, ಕುತ್ತಿಗೆ ಉದ್ದ ಮಾಡಿದವರು, ಅಕ್ಕನ ತುಟಿ ಸಾ ಎನ್ನಲು ತೆರೆದುಕೊಂಡಿತು, ಕಂಡೆ, ಮುಚ್ಚಿಕೊಂಡಿತು, ಬಾಗಿಲು ಕೂಡಿಕೊಳ್ಳದಂತೆ ಬೆನ್ನು ಕೊಟ್ಟು ನಿಂತಳು, ನೋಡೋರು ನೋಡ್ಲಿ ಬಿಡಿ ಸರ್, ಮೇಡಂ ಏನೋ ಗೀಚಿಕೊಂಡರು. ಇನ್ನೆಷ್ಟು ಹೊತ್ತಮ್ಮಾ, ಈಗ ಆ ದನಿಯಲ್ಲಿ ನಗುವಿಲ್ಲ. ಉಸಿರು ಮರಳಿದೆ, ಪದ ನಾಲಿಗೆಯ ತುದಿಯಲ್ಲಿದೆ, ಹೇಳಬಹುದು, ಹೇಳುವುದಿಲ್ಲ, ನನಗೆ ಸಾಕಾಗುವ ತನಕ ಇಲ್ಲ, ಬಾಗಿಲು ಅಕ್ಕನ ಬೆನ್ನಿಗೆ ಬಡಿದು ಹಿಂದೆ ಸರಿಯುತ್ತಿದೆ, ಮತ್ತೆ ಬರುತ್ತಿದೆ, ಕಾಯಲಿ, ಎಲ್ಲರೂ ಕಾಯಲಿ, ಮೊಣಕಾಲಿನ ಮೇಲೆ ಗದ್ದ, ಬೆಚ್ಚಗೆ, ಭಾರವಾಗಿ, ಗದ್ದ —