ಬಿಗಿದರೂ ಬಿಚ್ಚುವ ಪಟ್ಟಿ

ನಮ್ಮ ಯಜಮಾನರು ಗುರುಪಾದಸ್ವಾಮಿ ಒಂದು ಕಡೆ ಕೂತವರಲ್ಲ. ಊಟಕ್ಕೆ ಕೂತರೂ ಮೊಣಕಾಲು ಅಲ್ಲಾಡುತ್ತಲೇ ಇರುತ್ತದೆ. ಚಾಮರಾಜನಗರದ ಪೇಟೆಯಲ್ಲಿ ಅವರದು ಸೈಕಲ್ ರಿಪೇರಿ ಅಂಗಡಿ. ಅಂಗಡಿಯ ಚೇಷ್ಟೆ ಅಂಗಡಿಯಲ್ಲೇ ಇರಲಿ ಅಂತ ಮದುವೆಯಾದಾಗಿನಿಂದ ಹೇಳಿಕೊಂಡು ಬಂದವಳು ನಾನು. ಕೇಳಿದವರು ಯಾರು? ಐವತ್ತೆಂಟನೇ ಇಸವಿಯ ಆಷಾಢದಲ್ಲಿ ಅವರು ನನ್ನ ಒಲೆಯ ಮೇಲೆ ಬಾಚಣಿಗೆ ಕರಗಿಸಲು ಹೋದರು. ಅದು ಭಗ್ಗನೆ ಹತ್ತಿಕೊಂಡು ಅರ್ಧ ಮೀಸೆಯನ್ನೇ ತಿಂದುಹಾಕಿತು. ಪಕ್ಕದಲ್ಲಿ ಕುದಿಯುತ್ತಿದ್ದ ಸಾರಿಗೂ ಆ ಹಾಳು ವಾಸನೆ ಹಿಡಿದು, ಅಷ್ಟನ್ನೂ ಹಿತ್ತಲಿಗೆ ಚೆಲ್ಲಿದೆ. ಬಾಯಿಗೆ ಬಂದಂತೆ ಬೈದೆ. ಅವರು ಸುಟ್ಟ ಮೀಸೆ ಸವರಿಕೊಂಡು, ಇದು ಆಗುವುದಿಲ್ಲ, ಬೇರೆ ಪ್ಲಾಸ್ಟಿಕ್ ಬೇಕು ಅಂದರು. ಅಷ್ಟೇ.

ಬೈದೆನೇ ಹೊರತು ತಡೆಯಲಿಲ್ಲ. ಅವರು ಒದ್ದಾಡುತ್ತಿದ್ದದ್ದು ನಮ್ಮ ಶಿವಿಗಾಗಿ.

ಶಿವಿ ಅಂದರೆ ಶಿವರುದ್ರಮ್ಮ, ನಮ್ಮ ಒಬ್ಬಳೇ ಮಗಳು. ಆಗ ಅವಳಿಗೆ ಒಂಬತ್ತು. ಮೂರು ತುಂಬುವ ಹೊತ್ತಿಗೆ ಜ್ವರ ಬಂದು ಬಲಗಾಲು ಸೋತುಹೋಗಿತ್ತು. ಮೈಸೂರಿನ ಡಾಕ್ಟರು ಕಾಲಿನ ಎರಡು ಪಕ್ಕಕ್ಕೂ ಕಬ್ಬಿಣದ ಸರಳು ಕೊಟ್ಟು, ತೊಡೆ, ಮಂಡಿ, ಪಾದದ ಗಂಟು ಮೂರು ಕಡೆಯೂ ಚರ್ಮದ ಪಟ್ಟಿ ಬಿಗಿಸಿದರು. ಅದು ಇದ್ದರೆ ಗೋಡೆ ಹಿಡಿಯದೆ ನಡೆಯುತ್ತಾಳೆ, ಬಿಚ್ಚಿದರೆ ನಿಲ್ಲಲಾರಳು. ಕೂತು ಕಾಲು ಮಡಿಸಬೇಕೆಂದರೆ ಬಿಚ್ಚಲೇಬೇಕು. ಮನೆಯಲ್ಲಿ ನಾವು ಅದನ್ನು ಕಬ್ಬಿಣ ಅಂತಲೇ ಕರೆಯುತ್ತಿದ್ದೆವು.

ತೊಂದರೆ ಕಬ್ಬಿಣದ್ದಲ್ಲ, ಚರ್ಮದ್ದು. ನಮ್ಮದು ಲಿಂಗ ಕಟ್ಟುವ ಮನೆ. ದೇವರ ಮನೆಯ ಹೊಸ್ತಿಲು ದಾಟಿ ಚರ್ಮ ಒಳಗೆ ಬರಬಾರದು, ಮಿಂದ ಮೇಲೆ ಅದನ್ನು ಮುಟ್ಟಿದರೆ ಮತ್ತೆ ಕೈಕಾಲು ತೊಳೆಯಬೇಕು. ಇದು ನಮ್ಮ ಅತ್ತೆ ದೊಡ್ಡಮಲ್ಲಮ್ಮನವರ ಕಟ್ಟಳೆ, ಅವರಿಗೆ ಅವರ ಅತ್ತೆಯಿಂದ ಬಂದದ್ದು. ಹಾಗಾಗಿ ದಿನಾ ಬೆಳಿಗ್ಗೆ ನಾನು ಹೊಸ್ತಿಲ ಹೊರಗೆ ಕೂತು ಪಟ್ಟಿಗಳನ್ನು ಬಿಚ್ಚಿ, ಇಬ್ಬರ ಕೈಕಾಲೂ ತೊಳೆದು, ಶಿವಿಯನ್ನು ಎತ್ತಿಕೊಂಡು ಹೋಗಿ ಅಜ್ಜಿಯ ಪಕ್ಕ ಕೂರಿಸುತ್ತಿದ್ದೆ. ಪೂಜೆ ಮುಗಿದರೆ ಮತ್ತೆ ಎತ್ತಿ ತರುತ್ತಿದ್ದೆ. ಚಿಕ್ಕವಳಿದ್ದಾಗ ಕುತ್ತಿಗೆಗೆ ಜೋತುಬೀಳುತ್ತಿದ್ದವಳು ಈಚೀಚೆಗೆ ಮೈ ಬಿಗಿ ಹಿಡಿಯುತ್ತಿದ್ದಳು. ನಾನೇನು ರಾಗಿ ಮೂಟೆಯೇ ಅಂತ ಒಂದು ದಿನ ಕೇಳಿಯೂಬಿಟ್ಟಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆಮೇಲೆ ಅಳುವೂ ಬಂತು.

ಶ್ರಾವಣದಲ್ಲಿ ನಮ್ಮ ಗುರುಗಳು, ಹರದನಹಳ್ಳಿಯ ಅಯ್ಯನವರು ನಮ್ಮ ಮನೆಗೆ ಬರುವವರಿದ್ದರು. ಶಿವಿಗೆ ದೀಕ್ಷೆ ಕೊಡಿಸೋಣ ಅಂತ ಇವರು ಮಾತು ತೆಗೆದರು. ಅತ್ತೆ ಒಪ್ಪಲಿಲ್ಲ. ದೀಕ್ಷೆ ಆದ ಮೇಲೆ ದಿನವೂ ತಾನೇ ಲಿಂಗಪೂಜೆ ಮಾಡಿಕೊಳ್ಳಬೇಕು, ತಾಯಿ ಎತ್ತಿ ತಂದು ಇಳಿಸುವ ಪೂಜೆ ಎಂಥದು, ಕಾಲು ವಾಸಿಯಾಗಲಿ ಆಮೇಲೆ ನೋಡೋಣ ಅಂದರು. ಅವರೇನೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಕಾಲು ವಾಸಿಯಾಗುವಂಥದ್ದಲ್ಲ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಶಿವಿಗೂ ಗೊತ್ತಿತ್ತು.

"ಅಂಗಾದ್ರೆ ನಂಗೆ ಯಾವತ್ತೂ ಇಲ್ಲ, ಅಲ್ವೇನಪ್ಪ?" ಅಂದಳು.

ಇವರು ಅರ್ಧ ಊಟಕ್ಕೇ ಕೈ ತೊಳೆದು ಎದ್ದುಹೋದರು. ಅವತ್ತಿನಿಂದ ಹಿಡಿಯಿತು ನೋಡಿ ಹುಚ್ಚು. ಮೊದಲು ಬಟ್ಟೆಯ ಪಟ್ಟಿ ಕಟ್ಟಿ ನೋಡಿದರು. ಬೀದಿಯ ತುದಿ ಮುಟ್ಟುವುದರೊಳಗೆ ಸಡಿಲವಾಗಿ ಮಗು ಬಿತ್ತು. ಹಗ್ಗ ಕಟ್ಟಿದರು, ಮಗುವಿನ ಮೈಚರ್ಮ ಕಿತ್ತುಬಂತು. ಆಮೇಲೆ ಬಾಚಣಿಗೆ, ಅದರ ಕಥೆ ಹೇಳಿದೆನಲ್ಲ.

ಗುಂಡ್ಲುಪೇಟೆ ನನ್ನ ತವರು. ಅಮ್ಮನಿಗೆ ಮೈ ಸರಿಯಿಲ್ಲ ಅಂತ ತೆರಕಣಾಂಬಿಯ ಮೇಲೆ ಬಸ್ಸಿನಲ್ಲಿ ಹೋಗಿದ್ದೆವು. ಇವರಿಗೆ ನಮ್ಮಮ್ಮನನ್ನು ವಿಚಾರಿಸುವ ವ್ಯವಧಾನ ಎಲ್ಲಿ, ಕಾಫಿ ಕುಡಿದವರೇ ಸಂತೆಗೆ ಹೊರಟರು. ನಾನೂ ಅಣ್ಣನೂ ಹಿಂದೆಯೇ ಹೋದೆವು. ಅಲ್ಲೇ ಗಡಿಯ ಹತ್ತಿರದ ಮದ್ದೂರಿನ ಕಾಡುದಾರಿ ಹಿಡಿದು ಕೇರಳದ ಕಡೆಯಿಂದ ಬಂದಿದ್ದ ಒಬ್ಬ ವ್ಯಾಪಾರಿ ಅಲ್ಲಿ ಕನ್ನಡಿ, ಬಳೆ, ಸೋಪಿನ ಡಬ್ಬಿ ಹರಡಿಕೊಂಡು ಕೂತಿದ್ದ. ಅವನ ಸೊಂಟದಲ್ಲಿ ಪ್ಲಾಸ್ಟಿಕ್ಕಿನ ಬೆಲ್ಟು. ನಮ್ಮ ಯಜಮಾನರು ಮಾತಿಲ್ಲ ಕತೆಯಿಲ್ಲ, ತುಂಬಿದ ಸಂತೆಯಲ್ಲಿ ಮಂಡಿಯೂರಿ ಅವನ ಹೊಟ್ಟೆಯ ಹತ್ತಿರ ಮುಖ ಇಟ್ಟು ಆ ಬೆಲ್ಟನ್ನು ಹಿಡಿದು ಹಿಡಿದು ನೋಡತೊಡಗಿದರು. ನನಗೆ ನಾಚಿಕೆಯಿಂದ ಭೂಮಿಗೆ ಇಳಿದುಹೋದಂತಾಯಿತು. ವ್ಯಾಪಾರಿ ನಕ್ಕು, ಮಲಯಾಳದ ರಾಗದ ಕನ್ನಡದಲ್ಲಿ, ಇದಕ್ಕೆ ಬೆಂಕಿ ತೋರಿಸಬೇಡಿ, ಕುದಿಯುವ ನೀರಲ್ಲಿ ಅದ್ದಿ, ಹೇಳಿದ ಹಾಗೆ ಬಾಗುತ್ತದೆ ಅಂದ. ಇದ್ದಷ್ಟು ಬೆಲ್ಟುಗಳನ್ನೂ ಕಟ್ಟಿಸಿಕೊಂಡು ಬಂದರು. ನನ್ನ ಅಣ್ಣ ಅಲ್ಲೇ ನನಗೊಂದು ಗುಲಾಬಿ ಬಣ್ಣದ ಸೋಪಿನ ಡಬ್ಬಿ ಕೊಡಿಸಿದ. ಮನೆಗೆ ಬಂದ ಕೂಡಲೇ ಅದನ್ನು ಟ್ರಂಕಿನ ತಳದಲ್ಲಿ ಸೀರೆಗಳ ಅಡಿ ಬಚ್ಚಿಟ್ಟೆ. ನಮ್ಮ ಯಜಮಾನರನ್ನು ನನಗಿಂತ ಬಲ್ಲವರುಂಟೆ?

ಬಚ್ಚಲಲ್ಲಿದ್ದ ಹಳೆಯ ಸೋಪಿನ ಡಬ್ಬಿ ಮಾತ್ರ ಉಳಿಯಲಿಲ್ಲ. ಅದನ್ನು ಕೊಯ್ದು ಬೆರಳುಗುರಿನಷ್ಟು ಪುಟ್ಟ ಪೆಟ್ಟಿಗೆ ಮಾಡಿದರು. ಬೆಲ್ಟಿನ ಉದ್ದಕ್ಕೂ ಅರದಿಂದ ಹಲ್ಲು ಕೊರೆದರು. ಪೆಟ್ಟಿಗೆಯೊಳಗೆ ಒಂದು ನಾಲಿಗೆ; ಪಟ್ಟಿಯನ್ನು ತೂರಿಸಿ ಎಳೆದರೆ ಕರಕರ ಅಂತ ಮುಂದಕ್ಕೆ ಹೋಗುತ್ತದೆ, ನಾಲಿಗೆ ಹಲ್ಲಿಗೆ ಕಚ್ಚಿಕೊಂಡು ಹಿಂದಕ್ಕೆ ಬಿಡುವುದಿಲ್ಲ. ಖುಷಿಯಲ್ಲಿ ತಮ್ಮ ಮಣಿಕಟ್ಟಿಗೇ ಬಿಗಿದುಕೊಂಡರು. ಬಿಗಿದದ್ದೇನೋ ಬಿಗಿಯಿತು, ಬಿಚ್ಚಲು ಬರಲಿಲ್ಲ. ಕೈ ಊದಿಕೊಳ್ಳತೊಡಗಿತು. ಕೊನೆಗೆ ನಾನೇ ಕುಡುಗೋಲು ತಂದು ಕೊಯ್ಯಬೇಕಾಯಿತು.

"ಕಟ್ಟಾದು ಮಾಡ್ಬುಟ್ಟೆ ಕಣೆ, ಬಿಚ್ಚಾದೇ ಬರ್ತಾ ಇಲ್ಲ" ಅಂತ ಮಣಿಕಟ್ಟು ಉಜ್ಜಿಕೊಂಡು ಕೂತರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ತಲೆ ಸಿಡಿಯುತ್ತದೆ. ಬೆಳಗಾದರೆ ಕರಕರ, ಉಂಡರೆ ಕರಕರ. ಕೂತಲ್ಲಿ ಕೂರಲಾರರು, ನಿಂತಲ್ಲಿ ನಿಲ್ಲಲಾರರು, ಅಂಗಡಿಯಿಂದ ಮನೆಗೆ, ಮನೆಯಿಂದ ಅಂಗಡಿಗೆ. ಅವರನ್ನು ನೋಡಿ ನೋಡಿ ನನಗೂ ಅದೇ ಅಂಟಿಕೊಂಡಿತು. ಅಕ್ಕಿ ಆರಿಸಲು ಕೂತು, ಅರ್ಧಕ್ಕೇ ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದೆ. ನಾಲಿಗೆಯ ತುದಿಯನ್ನು ಪೆಟ್ಟಿಗೆಯ ಹೊರಕ್ಕೆ ಚಾಚಿಸಿದರೆ ಹೇಗೆ ಅಂತ ಅವರಿಗೆ ಹೊಳೆದದ್ದು ಶ್ರಾವಣ ಹುಟ್ಟಿದ ಮೇಲೆ. ಹೆಬ್ಬೆರಳಲ್ಲಿ ಒತ್ತಿದರೆ ನಾಲಿಗೆ ಏಳುತ್ತದೆ, ಪಟ್ಟಿ ಜಾರಿ ಬರುತ್ತದೆ. ಒಂದೇ ಕೈ ಸಾಕು. ಶಿವಿಗೆ ಇನ್ನೊಂದು ಕೈ ಗೋಡೆ ಹಿಡಿಯಲು ಬೇಕಲ್ಲ. ಧೂಳಿನಲ್ಲಿ ಹೊರಳಿಸಿ ನೋಡಿದರು, ಎಣ್ಣೆ ಸವರಿ ನೋಡಿದರು, ಕೆಸರಲ್ಲಿ ತುಳಿದು ನೋಡಿದರು. ತಮ್ಮ ಕಾಲಿಗೇ ಬಿಗಿದುಕೊಂಡು ಬದನಗುಪ್ಪೆಯವರೆಗೂ ಸೈಕಲ್ ತುಳಿದು ಬಂದರು. ಎಲ್ಲದಕ್ಕೂ ಅದು ಬಿಗಿಯಿತು, ಬಿಚ್ಚಿತು.

ಅತ್ತೆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮೂಸಿ ನೋಡಿದರು. ಇದು ಯಾವ ಪ್ರಾಣಿಯದು ಅಂತ ಕೇಳಿದರು. ಪ್ರಾಣಿಯದಲ್ಲ, ಕಾರ್ಖಾನೆಯದು ಅಂದರು ಇವರು. ಅತ್ತೆ ಇನ್ನೊಮ್ಮೆ ಮೂಸಿ, ಪಟ್ಟಿಯನ್ನು ಇವರ ಕೈಗೆ ವಾಪಸು ಕೊಟ್ಟರು.

"ಅವ್ಳೇ ನಡ್ಕೊಂಡು ಒಳೀಕೆ ಬರ್ಲಿ, ಅವ್ಳೇ ಬಿಚ್ಕೊಂಡು ಕೂತ್ಕಳ್ಲಿ. ಅಂಗಾದ್ರೆ ದೀಕ್ಷೆ. ನೀವು ಯಾರಾದ್ರೂ ಕೈ ಆಕುದ್ರೆ ಇಲ್ಲ."

ಅಯ್ಯನವರು ಬಂದ ಸೋಮವಾರ ಬೆಳಿಗ್ಗೆ ಶಿವಿಗೆ ನಾನೇ ನೀರು ಹಾಕಿದೆ. ಚರ್ಮ ತೆಗೆದು ಹೊಸ ಪಟ್ಟಿ ಹಾಕಿದ್ದ ಕಬ್ಬಿಣವನ್ನು ಅವಳೇ ಬಿಗಿದುಕೊಂಡಳು. ಅತ್ತೆ ವಿಭೂತಿಯನ್ನು ನೀರಲ್ಲಿ ಕಲಸಿ ಮೊಮ್ಮಗಳ ಹಣೆಗೆ, ತೋಳಿಗೆ, ಎದೆಗೆ ಬಳಿದರು. ಮುದುಕಿಗೂ ಒಳಗೊಳಗೇ ಸಂಭ್ರಮ ಇತ್ತು ಅಂತ ಕಾಣುತ್ತದೆ, ಎರಡು ಮಂಡಿಗೂ ಧಾರಾಳವಾಗಿ ಬಳಿದರು. ಶಿವಿ ಯಾರನ್ನೂ ಹಿಡಿಯದೆ ಹೊಸ್ತಿಲು ದಾಟಿದಳು. ಅಯ್ಯನವರ ಎದುರು ಮಣೆಯ ಮೇಲೆ ಕಾಲು ಚಾಚಿ ಕೂತಳು. ಗುರುವಿನ ಮುಖಕ್ಕೆ ಕಾಲು ಚಾಚುವುದು ಎಂಥ ಅಪಚಾರ ಅಂತ ನಮ್ಮವರಿಗೆ ಹೇಳಬೇಕಿಲ್ಲ, ಬೇಗ ಬಿಚ್ಚಿ ಮಡಿಸಿಕೊಳ್ಳಬೇಕು. ತೊಡೆಯ ಪಟ್ಟಿ ಬಿಚ್ಚಿದಳು. ಪಾದದ ಗಂಟಿನದು ಬಿಚ್ಚಿದಳು. ಮಂಡಿಯದನ್ನು ಒತ್ತಿದಳು.

ಬರಲಿಲ್ಲ. ಮತ್ತೆ ಒತ್ತಿದಳು. ನಾಲಿಗೆ ಅಲ್ಲಾಡಲೇ ಇಲ್ಲ.

ನನಗೆ ಹೊಸ್ತಿಲ ಹೊರಗಿನಿಂದಲೇ ಕಂಡಿತು, ಹಲ್ಲುಗಳ ಸಂದಿಯಲ್ಲಿ ವಿಭೂತಿ ಒಣಗಿ ಗಾರೆಯಂತೆ ಕೂತಿತ್ತು. ಲೋಕದ ಕೊಳೆಯನ್ನೆಲ್ಲ ಹಾಕಿ ನೋಡಿದ ಮಹಾರಾಯರು, ದಿನವೂ ತಮ್ಮ ಹಣೆಗೇ ಇಟ್ಟುಕೊಳ್ಳುವುದನ್ನು ಮರೆತಿದ್ದರು. ತಿರುಗಿ ನೋಡಿದೆ. ಕಂಬಕ್ಕೆ ಒರಗಿ ನಿಂತಿದ್ದರು, ಮುಖದಲ್ಲಿ ರಕ್ತವಿಲ್ಲ. ಆ ಮೊಣಕಾಲು ಅಲ್ಲಾಡದೆ ನಿಂತದ್ದನ್ನು ನಾನು ಮೊದಲ ಸಲ ನೋಡಿದೆ. ಒಳಗೆ ಅತ್ತೆ ಬೆಳ್ಳಗಿದ್ದ ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು. ಮಗುವಿನ ಕಾಲು ಅಯ್ಯನವರ ಕಡೆಗೆ ನೆಟ್ಟಗೆ ಚಾಚಿಕೊಂಡೇ ಇತ್ತು. ನನಗೆ ತಡೆಯಲಾಗಲಿಲ್ಲ. ದೀಕ್ಷೆ ಹೋದರೆ ಹೋಗಲಿ, ಎತ್ತಿಕೊಂಡು ಬಂದುಬಿಡೋಣ ಅಂತ ಹೊಸ್ತಿಲ ಮೇಲೆ ಕಾಲಿಟ್ಟೆ.

"ಅವ್ವ, ಬರಬ್ಯಾಡ" ಅಂದಳು ಶಿವಿ. ತಲೆ ಎತ್ತಲಿಲ್ಲ.

ಅಯ್ಯನವರು ಕೈಯಲ್ಲಿ ಲಿಂಗ ಹಿಡಿದುಕೊಂಡೇ, "ನಿಧಾನಕ್ಕೆ ಬಿಚ್ಚು ಕಣಮ್ಮಿ, ನಾನು ಕಾಯ್ತೀನಿ" ಅಂದರು.

ಶಿವಿ ಉಗುರಿನಿಂದ ಆ ಬಿಳಿಯನ್ನು ಒಂದಿಷ್ಟು ಕೆರೆದು ನೋಡಿದಳು. ಆಮೇಲೆ ಕೈ ಚಾಚಿ, "ಅಜ್ಜಿ, ಆ ನೀರು ಕೊಡು" ಅಂದಳು.

ಅದು ಅಭಿಷೇಕದ ನೀರು. ಕಾಲಿಗೆ ಹಾಕುವ ನೀರಲ್ಲ. ಅತ್ತೆ ಒಮ್ಮೆ ತಂಬಿಗೆಯನ್ನು, ಒಮ್ಮೆ ಅಯ್ಯನವರನ್ನು ನೋಡಿದರು. ಅತ್ತೆ ತಂಬಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಮೊಮ್ಮಗಳ ಕೈಗೆ ಕೊಟ್ಟರು. ಶಿವಿ ಮಂಡಿಯ ಮೇಲೆ ಸುರಿದುಕೊಂಡಳು, ಹೆಬ್ಬೆರಳಿನಿಂದ ಉಜ್ಜಿದಳು, ಮತ್ತೆ ಸುರಿದಳು. ಬೆಳ್ಳನೆಯ ನೀರು ಮಣೆಯಿಂದ ಇಳಿದು ಅಯ್ಯನವರ ಆಸನದ ತನಕ ಹರಿಯಿತು. ಒತ್ತಿದಳು. ಟಕ್ ಅಂತ ನಾಲಿಗೆ ಎದ್ದಿತು. ಕಬ್ಬಿಣವನ್ನು ಪಕ್ಕಕ್ಕಿಟ್ಟು, ಸೋತ ಕಾಲನ್ನು ಎರಡು ಕೈಯಲ್ಲಿ ಹಿಡಿದು ಮಡಿಸಿಕೊಂಡು, ಎಡಗೈಯನ್ನು ಮುಂದೆ ಚಾಚಿದಳು.

ಅಯ್ಯನವರು ಅವಳ ಅಂಗೈಯಲ್ಲಿ ಲಿಂಗ ಇಟ್ಟರು.

ಎಲ್ಲ ಮುಗಿದು ಅಯ್ಯನವರು ಎದ್ದಾಗ ನಾನು ಒಳಗೆ ಹೋಗಿ ದಿನದ ಅಭ್ಯಾಸದಂತೆ ಬಗ್ಗಿ ತೋಳು ಚಾಚಿದೆ.

"ಬುಡವ್ವ. ನಾನೇ ಬತ್ತೀನಿ."

ಮೂರು ಕಡೆ ಕರಕರ ಅಂತು. ಮಣೆ ಹಿಡಿದು, ಗೋಡೆ ಹಿಡಿದು ಎದ್ದಳು. ನನ್ನನ್ನು ದಾಟಿ, ಹೊಸ್ತಿಲು ದಾಟಿ ಹೋದಳು. ನಾನು ಚಾಚಿದ ತೋಳನ್ನು ಹಾಗೇ ಹಿಡಿದುಕೊಂಡು ನಿಂತಿದ್ದೆ. ಸಂತೋಷವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಇನ್ನು ಅವಳು ನನ್ನ ಕುತ್ತಿಗೆ ಹಿಡಿಯುವುದಿಲ್ಲ ಅಂತ ಆಗಲೇ ಗೊತ್ತಾಯಿತು.

ಹೊರಗೆ ಬಂದರೆ ನಮ್ಮ ಯಜಮಾನರ ಮೊಣಕಾಲು ಮತ್ತೆ ಶುರುವಾಗಿತ್ತು. ಕಣ್ಣು ಒರೆಸಿಕೊಂಡು, ಹಲ್ಲಿಗೆ ವಿಭೂತಿ ಹೋಗದ ಹಾಗೆ ಪೆಟ್ಟಿಗೆಗೊಂದು ಮುಚ್ಚಳ ಬೇಕು, ಮನೆಯಲ್ಲಿ ಇನ್ನೊಂದು ಸೋಪಿನ ಡಬ್ಬಿ ಇದೆಯೇ ಅಂತ ಮೆಲ್ಲಗೆ ಕೇಳಿದರು. ಒಳಗೆ ಹೋಗಿ, ಟ್ರಂಕಿನ ಸೀರೆಗಳ ಅಡಿಯಿಂದ ಆ ಗುಲಾಬಿ ಡಬ್ಬಿ ತೆಗೆದು ಅವರ ಕೈಗೆ ಕೊಟ್ಟೆ. ಅವತ್ತು ಮಾತ್ರ ಬೈಯಲಿಲ್ಲ.