ಹೂ ಬಿಟ್ಟ ತೋಟದ ಗೇಟು

ಬೀಗ ಹಾಕಿದ್ದು ನನ್ನ ಗಂಡನೇ. ಕೀ ತಂದು ನಮ್ಮ ಮನೆಯ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದೂ ಅವರೇ. ಹೆಸರು ಸಾಂತಪ್ಪ, ಉತ್ತಯ್ಯನವರ ಎಸ್ಟೇಟಿನಲ್ಲಿ ರೈಟರು. ಆಳುಗಳ ಹಾಜರಿ ಹಾಕುವುದು, ಕೆಲಸ ಹಂಚುವುದು, ಸಾವ್ಕಾರ್ರು ಸೀನಿದರೆ ಟವೆಲ್ ಹಿಡಿದು ನಿಲ್ಲುವುದು ಇವರ ಕೆಲಸ. ಕೊನೆಯದು ನಾನು ಸೇರಿಸಿದ್ದು.

ಬಿಟ್ಟಂಗಾಲದ ಹತ್ತಿರದ ಈ ಎಸ್ಟೇಟಿನ ಒಂದು ತುದಿಗೆ ಆಳುಗಳ ಸಾಲುಮನೆಗಳಿರುವ ನಮ್ಮ ಲೈನು, ಇನ್ನೊಂದು ತುದಿಗೆ ಸರ್ಕಾರಿ ಶಾಲೆ. ನಡುವೆ ಕಾಫಿ ತೋಟದೊಳಗೆ ಜೀಪು ಹೋಗುವ ಮಣ್ಣಿನ ದಾರಿ. ಮೇಲೆ ಅತ್ತಿ, ಹಲಸು, ಸಿಲ್ವರ್ ಓಕ್ ಎಷ್ಟು ಒತ್ತಾಗಿ ಬೆಳೆದಿವೆ ಎಂದರೆ ನಡು ಮಧ್ಯಾಹ್ನವೂ ಅಲ್ಲಿ ಬಿಸಿಲು ನೆಲಕ್ಕೆ ಇಳಿಯುವುದಿಲ್ಲ. ಲೈನಿನ ಮಕ್ಕಳೆಲ್ಲ ವರ್ಷವಿಡೀ ಆ ದಾರಿಯಲ್ಲೇ ಶಾಲೆಗೆ ಹೋಗಿ ಬರುತ್ತಿದ್ದರು. ಈಗ ಎರಡು ತುದಿಯ ಗೇಟಿಗೂ ಬೀಗ, ಎರಡಕ್ಕೂ ಒಂದೇ ಕೀ.

ಕಾರಣ ಹೂವು. ಮಾರ್ಚ್ ಬಂದರೂ ಕಾಫಿ ಅರಳಿಸುವ ಹೂ ಮಳೆ ಬರಲಿಲ್ಲವೆಂದು ಸಾವ್ಕಾರ್ರು ತೋಡಿನ ನೀರನ್ನೆಲ್ಲ ಪಂಪಿನಲ್ಲಿ ಎಳೆದು ಹಗಲೂ ರಾತ್ರಿ ಸ್ಪ್ರಿಂಕ್ಲರ್ ಹೊಡೆಸಿದರು. ತೋಟವೆಲ್ಲ ಒಟ್ಟಿಗೇ ಬೆಳ್ಳಗೆ ಅರಳಿ ನಿಂತಿತು. ಹೂ ಬಿಟ್ಟ ತೋಟಕ್ಕೆ ಯಾರೂ ಕಾಲಿಡಬಾರದು, ಇದು ನಮ್ಮ ಕಡೆಯ ಕಟ್ಟಳೆ. ಗಿಡ ಅಲುಗಬಾರದು, ಜೇನಿಗೆ ಅಡ್ಡಿಯಾಗಬಾರದು, ಹೂ ಉದುರಿದರೆ ವರ್ಷದ ಬೆಳೆಯೇ ಉದುರಿದ ಹಾಗೆ. ಆ ದಿನಗಳಲ್ಲಿ ಆಳುಗಳನ್ನು ಕೂಡ ಒಳಗೆ ಬಿಡದೆ ಮೆಣಸು ಒಣಗಿಸುವ ಕಣಕ್ಕೆ ಕಳಿಸುತ್ತಾರೆ. ನಾನೂ ಲೈನಿನಲ್ಲೇ ಬೆಳೆದವಳು. ಹೂವಿನ ಹೊತ್ತಿನಲ್ಲಿ ತೋಟದ ಬೇಲಿ ಮುಟ್ಟಿದ್ದಕ್ಕೆ ನನ್ನ ಅವ್ವ ಕೈಗೆ ಬರೆ ಎಳೆಯುತ್ತೇನೆಂದು ಹೆದರಿಸಿದ್ದು ನನಗಿನ್ನೂ ನೆನಪಿದೆ.

ಬೇರೆ ವರ್ಷಗಳಲ್ಲಾದರೆ ಮಕ್ಕಳು ಟಾರು ರಸ್ತೆ ಸುತ್ತಿಕೊಂಡು ಹೋಗುತ್ತಿದ್ದರು. ದೂರ ಎರಡರಷ್ಟು, ಆದರೆ ಸಾಲು ಮರಗಳಿದ್ದವು. ರಸ್ತೆ ಅಗಲ ಮಾಡುತ್ತೇವೆಂದು ಬಂದವರು ಮರಗಳನ್ನೆಲ್ಲ ಕಡಿದು ಲಾರಿಗೆ ತುಂಬಿದರು. ಮರ ಹೋಯಿತು, ರಸ್ತೆ ಅಗಲವಾಗಲಿಲ್ಲ. ಈ ವರ್ಷದ ಬಿಸಿಲಂತೂ ಬಿಸಿಲಲ್ಲ, ನಮ್ಮ ಮೇಲೆ ಯಾರೋ ಹಗೆ ತೀರಿಸಿಕೊಳ್ಳುತ್ತಿದ್ದಾರೆ. ಟಾರು ಮೆತ್ತಗಾಗಿ ಚಪ್ಪಲಿ ಎಳೆಯುತ್ತದೆ. ಬೆಳಿಗ್ಗೆ ಒಂದು ಬಸ್ಸಿದೆ, ಸಂಜೆ ಒಂದಿದೆ. ಪರೀಕ್ಷೆ ಮುಗಿಯುವುದು ಮಧ್ಯಾಹ್ನ, ತಲೆಯ ಮೇಲೆ ಸೂರ್ಯ ಕೂತಿರುವಾಗ.

ಸೋಮವಾರ ಮಧ್ಯಾಹ್ನ ನನ್ನ ಮಗಳು ಲಿಖಿತಾ ಮನೆಗೆ ಬಂದವಳು ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ಕೂತಳು. ಮುಖ ಕೆಂಡ, ತುಟಿ ಬೆಳ್ಳಗೆ. ನೀರು ಕೊಟ್ಟೆ, ಕುಡಿದದ್ದನ್ನೆಲ್ಲ ಕಕ್ಕಿದಳು. ಆಮೇಲೆ ನನ್ನನ್ನು ನೋಡಿ "ಅವ್ವಾ, ಬಸ್ ಬಂತಾ?" ಎಂದು ಕೇಳಿದಳು. ಒದ್ದೆ ಬಟ್ಟೆ ಸುತ್ತಿ, ಬೀಸಣಿಗೆ ಬೀಸಿ, ಆಟೋ ಹಿಡಿದು ಆಸ್ಪತ್ರೆಗೆ ಒಯ್ದೆ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು, ಮತ್ತೆ ಈ ಬಿಸಿಲಿಗೆ ಬಿಡಬೇಡಿ ಎಂದು ಡಾಕ್ಟರು ಗದರಿಸಿದರು.

ಇನ್ನೂ ಎರಡು ಪರೀಕ್ಷೆ ಬಾಕಿ. ಐದನೇ ಕ್ಲಾಸು. ವರ್ಷವಿಡೀ ಓದಿದವಳು ಅವಳು, ಜ್ವರ ಬಂದರೂ ಶಾಲೆ ಬಿಡದವಳು. ಹಾಸಿಗೆಯಲ್ಲಿ ಮಲಗಿಕೊಂಡೇ "ನಾನು ಹೋಗ್ತೇನೆ" ಅಂದಳು.

ಅವಳ ಕ್ಲಾಸಿನ ಮನೋರಮಾ ಟೀಚರಿಗೆ ಫೋನು ಮಾಡಿದೆ. ಮಡಿಕೇರಿಯಿಂದ ಬಂದು ವಿರಾಜಪೇಟೆಯಲ್ಲಿ ಮನೆ ಮಾಡಿರುವವರು.

"ಕಳಿಸಿ ಕುಸುಮಾ. ಮಜ್ಜಿಗೆ ಕುಡಿಸಿ, ಕೊಡೆ ಕೊಟ್ಟು ಕಳಿಸಿ," ಅಂದರು.

"ಇವತ್ತೂ ಕೊಡೆ ಇತ್ತು ಟೀಚರ್. ನಿಮ್ಮ ಹೆಡ್ ಮಾಸ್ಟ್ರಿಗೆ ಹೇಳಿ ಬೆಳಿಗ್ಗೆ ಬೇಗ ಪರೀಕ್ಷೆ ಇಡ್ಲಿಕ್ಕೆ ಆಗುದಿಲ್ವಾ?"

"ಟೈಮ್‌ಟೇಬಲ್ ಮೇಲಿಂದ ಬರೋದು, ನಮ್ಮ ಕೈಲಿಲ್ಲ. ಅಲ್ಲಾ, ಕೊಡಗಿನಲ್ಲಿ ಕೂತು ಬಿಸಿಲು ಅಂದ್ರೆ ರಾಯಚೂರಿನ ಮಕ್ಕಳು ಏನು ಹೇಳ್ಬೇಕು?"

"ರಾಯಚೂರಿನವರು ಹೇಳಿದ್ದನ್ನ ರಾಯಚೂರಿನ ಟೀಚರು ಕೇಳ್ತಾರೆ. ನೀವು ನನ್ನ ಮಗಳದ್ದು ಕೇಳಿ. ನೀವು ಶಾಲೆಗೆ ನಡ್ಕೊಂಡು ಬರ್ತೀರಾ?"

ಫೋನು ಇಟ್ಟರು.

ಸಂಜೆ ಇವರು ಬಂದು ಕಾಲು ತೊಳೆಯುತ್ತಿದ್ದಾಗಲೇ ಶುರು ಮಾಡಿದೆ.

"ಗೇಟು ತೆಗೀರಿ. ಮಧ್ಯಾಹ್ನ ಒಂದು ಹೊತ್ತು ಮಕ್ಕಳು ದಾರಿಯಲ್ಲಿ ನಡೆದು ಬರ್ಲಿ. ಗಿಡ ಮುಟ್ಟದ ಹಾಗೆ ನಾನೇ ಮುಂದೆ ನಡೀತೇನೆ."

"ತಲೆ ಸರಿ ಉಂಟಾ ನಿಂಗೆ? ಹೂ ಬಿಟ್ಟ ತೋಟ."

"ಮಗಳು ಸತ್ತೇ ಹೋಗ್ತಿದ್ಲು."

"ಹಾಗಾದ್ರೆ ಕಳಿಸ್ಬೇಡ. ಮನೆಯಲ್ಲಿ ಮಲಗ್ಲಿ. ಐದನೇ ಕ್ಲಾಸ್ ಪರೀಕ್ಷೆ ಬರೆಯದಿದ್ರೆ ಆಕಾಶ ಕಳಚಿ ಬೀಳ್ತದಾ?"

"ಹೂವಿನ ನಡುವೆ ನಡೆದ್ರೆ ಬೀಳ್ತದಾ?"

ಇವರು ಚೆಂಬನ್ನು ಕುಕ್ಕಿದರು. "ನಾನು ಅನ್ನ ತಿನ್ನುದು ಆ ಸಾವ್ಕಾರ್ರದ್ದು. ನೀನೂ ಅದನ್ನೇ ತಿನ್ನುದು. ಗೇಟಿನ ಸುದ್ದಿ ಇನ್ನೊಮ್ಮೆ ಎತ್ತಬೇಡ."

ಮದುವೆಯಾದಾಗಿನಿಂದ ನಾನು ಇವರ ಮಾತು ಮೀರಿದವಳಲ್ಲ ಎಂದು ಹೇಳಿದರೆ ಲೈನಿನವರೆಲ್ಲ ನಗುತ್ತಾರೆ. ಮೀರಿದ್ದೇನೆ, ಬೇಕಾದಷ್ಟು ಸಲ. ಆದರೆ ಆ ಸಂಜೆ ಇವರ ಮುಖ ನೋಡಿದಾಗ ಬಂದಷ್ಟು ಅಸಹ್ಯ ಹಿಂದೆ ಯಾವತ್ತೂ ಬಂದಿರಲಿಲ್ಲ. ಮಗಳು ಮಲಗಿದ್ದಲ್ಲಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಮಾರನೆಯ ದಿನ ನಾನೇ ಬಂಗಲೆಗೆ ಹೋದೆ. ಉತ್ತಯ್ಯನವರು ಜಗಲಿಯಲ್ಲಿ ಕೂತು ಪೇಪರು ಓದುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಒಮ್ಮೆಯೂ ಬಾಯಿಗೆ ಬಂದಂತೆ ಬೈದವರಲ್ಲ, ಓಣಂ, ಹುತ್ತರಿ, ಪೊಂಗಲ್ ಎಂದು ಲೈನಿನ ಎಲ್ಲರ ಹಬ್ಬಕ್ಕೂ ರಜೆ ಕೊಡುವವರು. ಅದೇ ನನಗೆ ಇನ್ನಷ್ಟು ಸಿಟ್ಟು ಬರಿಸುತ್ತಿತ್ತು.

"ಹೋದ ವರ್ಷ ಹೂ ಮಳೆ ಕೈಕೊಟ್ಟಿತು, ಗೊತ್ತುಂಟಲ್ಲ ನಿಂಗೆ," ಅಂದರು. "ಅರ್ಧ ಹೂ ಒಣಗಿ ಉದುರಿತು. ಈ ಸಲ ಹೇಗೋ ನೀರು ಹೊಡೆಸಿ ಬರಿಸಿದ್ದು. ನಾನೇ ಒಳಗೆ ಇಳಿಯುದಿಲ್ಲ ಕುಸುಮಾ. ನನ್ನ ಅಪ್ಪನೂ ಇಳೀತಿರ್ಲಿಲ್ಲ."

"ಮಕ್ಕಳು ಹೂ ಕೀಳ್ಲಿಕ್ಕೆ ಹೋಗುದಲ್ಲ ಸಾವ್ಕಾರ್ರೇ. ದಾರಿಯಲ್ಲಿ ನಡೀತಾರೆ, ಅಷ್ಟೇ."

"ಇವತ್ತು ಮಕ್ಕಳು, ನಾಳೆ ಅವರ ಹಿಂದೆ ಆಡು, ನಾಯಿ. ಒಬ್ರಿಗೆ ಬಿಟ್ರೆ ಎಲ್ಲರಿಗೂ ಬಿಡ್ಬೇಕು. ಬಿಸಿಲಿಗೆ ಮಕ್ಕಳನ್ನ ಕಳಿಸ್ಬೇಡಿ ಅಂತ ಪೇಪರಿನಲ್ಲೇ ಉಂಟು. ಕಳಿಸು ಅಂತ ನಾನೆಂತ ಹೇಳಿದ್ನಾ?"

"ನಿಮ್ಮ ಗಿಡಕ್ಕೆ ನೀರೂ ಉಂಟು, ನೆರಳೂ ಉಂಟು. ನನ್ನ ಮಗಳಿಗೆ ಎರಡೂ ಇಲ್ಲ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಸಾಂತಪ್ಪನಿಗೆ ಗೊತ್ತುಂಟಾ ನೀನು ಇಲ್ಲಿ ಬಂದದ್ದು?" ಎಂದು ಮೆಲ್ಲಗೆ ಕೇಳಿದರು. ಬೈದಿದ್ದರೆ ಒಳ್ಳೆಯದಿತ್ತು. ನಾನು ಬೆನ್ನು ತಿರುಗಿಸಿ ಬಂದೆ. ಬಂಗಲೆಯ ಹಿಂದಿನ ಹೋಂಸ್ಟೇ ಕೋಣೆಗಳಿಗೆ ಹೊಸ ಹಾಸಿಗೆ ಹೊದಿಕೆ ಹಾಕುತ್ತಿದ್ದರು.

ಬುಧವಾರ ಗಣಿತ. ಬೆಳಿಗ್ಗೆ ಲಿಖಿತಾ ಯೂನಿಫಾರ್ಮ್ ಹಾಕಿ ಜಡೆ ಹೆಣೆಸಿಕೊಳ್ಳಲು ನನ್ನ ಮುಂದೆ ಬಂದು ಕೂತಳು. ಕಳಿಸಬೇಕೋ ಬೇಡವೋ ಎಂದು ಆಗಲೂ ನನಗೆ ಗೊತ್ತಿರಲಿಲ್ಲ. ಕಳಿಸದಿದ್ದರೆ ಅವಳು ನನ್ನನ್ನು ಕ್ಷಮಿಸುವುದಿಲ್ಲ. ಕಳಿಸಿ ಏನಾದರೂ ಆದರೆ ನಾನು ಯಾರನ್ನು ಕ್ಷಮಿಸಲಿ? ಅವಳ ತಲೆ ಬಾಚುತ್ತಾ ಎದುರಿನ ಮೊಳೆಯನ್ನೇ ನೋಡಿದೆ. ಕೀ ಅಲ್ಲೇ ತೂಗುತ್ತಿತ್ತು. ಅದನ್ನು ನಾನು ಮುಟ್ಟಬಹುದು ಎಂದು ಇವರಿಗೆ ಕನಸಿನಲ್ಲೂ ಹೊಳೆದಿರಲಿಕ್ಕಿಲ್ಲ.

"ಇವತ್ತು ಬಂಗ್ಲೆಯಲ್ಲಿ ಗೆಸ್ಟ್ ಉಂಟು. ಊಟಕ್ಕೆ ಕಾಯ್ಬೇಡ," ಎಂದು ಇವರು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಹೊರಟರು. ಮಗಳ ಕಡೆ ತಿರುಗಿ, "ನೀನು ಹೋಗುದಾದ್ರೆ ರಸ್ತೆಯಲ್ಲೇ ಹೋಗಿ ರಸ್ತೆಯಲ್ಲೇ ಬರ್ಬೇಕು," ಅಂದರು. ಅವಳು ತಲೆ ಆಡಿಸಿದಳು. ನಾನು ಅವಳನ್ನು ಬಸ್ಸು ಹತ್ತಿಸಿ ಬಂದೆ.

ಮಧ್ಯಾಹ್ನಕ್ಕೆ ಮೊದಲು ಕೀ ತೆಗೆದು ಸೆರಗಿಗೆ ಗಂಟು ಹಾಕಿಕೊಂಡೆ. ಲೈನಿನ ಕಡೆಯ ಗೇಟಿನ ಹತ್ತಿರ ಪಕ್ಕದ ಮನೆಯ ಗಂಗಮ್ಮ ಬಟ್ಟೆ ಒಣಗಿಸುತ್ತಿದ್ದಳು. ನಾನು ಬೀಗಕ್ಕೆ ಕೈ ಹಾಕಿದ್ದು ನೋಡಿ ಓಡಿಬಂದಳು. ಅವಳ ಮಗಳು ಚಿನ್ನಿಯೂ ಅದೇ ಶಾಲೆ.

"ಏ ಕುಸುಮಾ, ಎಂತ ಮಾಡ್ತಿ ನೀನು?"

"ಮಕ್ಕಳನ್ನ ಕರ್ಕೊಂಡು ಬರ್ಲಿಕ್ಕೆ ಹೋಗ್ತೇನೆ. ನಿನ್ನ ಚಿನ್ನಿಯನ್ನೂ ತರ್ತೇನೆ."

"ನನ್ನ ಮಗಳನ್ನ ಒಳಗೆ ಕಾಲಿಡಿಸಿದ್ರೆ ನೋಡು ಮತ್ತೆ! ಹೂ ಹಾಳಾದ್ರೆ ಬರುವ ವರ್ಷ ನಮಗೆ ಹಣ್ಣು ಕೊಯ್ಯುವ ಪಿಕ್ಕಿಂಗ್ ಕೆಲಸ ಯಾರು ಕೊಡುದು, ನಿನ್ನ ಗಂಡನಾ? ನಿನಗೇನು, ರೈಟರ್ ಹೆಂಡ್ತಿ. ನಾವು ಕೂಲಿ ಮಾಡಿ ತಿನ್ನುವವರು."

"ಸೋಮವಾರ ಬಿದ್ದದ್ದು ನಿನ್ನ ಮಗಳಾಗಿದ್ರೆ?"

"ಬಿದ್ದದ್ದು ನಿನ್ನ ಮಗಳು," ಅಂದಳು ಗಂಗಮ್ಮ. ಮತ್ತೆ ಆಡಬಾರದಿತ್ತು ಎನ್ನಿಸಿತೋ ಏನೋ, ಮುಖ ಬೇರೆ ಕಡೆ ಮಾಡಿಕೊಂಡಳು. ನಾನು ಗೇಟು ತೆಗೆದು ಒಳಗೆ ಹೋದೆ.

ಒಳಗೆ ಹೋದ ಮೇಲೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಎರಡೂ ಕಡೆ ಗಿಡಗಳು ಬೆನ್ನು ಬಗ್ಗಿಸಿ ಹೂ ಹೊತ್ತಿದ್ದವು. ಪರಿಮಳಕ್ಕೆ ತಲೆ ತಿರುಗುತ್ತಿತ್ತು, ಜೇನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು, ಒಂದು ಎಸಳೂ ಬೀಳದ ಹಾಗೆ ನಡುದಾರಿಯಲ್ಲಿ ನಡೆದೆ. ಮೈ ಮೇಲೆ ಬಿಸಿಲಿನ ಒಂದು ಚೂರೂ ಬೀಳಲಿಲ್ಲ. ಸ್ಪ್ರಿಂಕ್ಲರ್ ನೀರು ಕುಡಿದ ಮಣ್ಣು ಇನ್ನೂ ತಂಪಾಗಿತ್ತು.

ಶಾಲೆಯ ಕಡೆಯ ಗೇಟು ತೆಗೆದು ನಿಂತೆ. ಪರೀಕ್ಷೆ ಬಿಟ್ಟಿತು. ಲೈನಿನ ಮಕ್ಕಳು ಒಟ್ಟಾಗಿ ಬಂದರು, ಗೇಟು ತೆಗೆದಿರುವುದನ್ನು ನೋಡಿ ರಸ್ತೆಯಲ್ಲೇ ನಿಂತರು.

"ಬನ್ನಿ ಒಳಗೆ," ಅಂದೆ.

ಯಾರೂ ಅಲುಗಲಿಲ್ಲ. ಚಿನ್ನಿ ಹಿಂದಕ್ಕೆ ಸರಿದಳು. "ಅವ್ವ ಹೊಡೀತಾಳೆ."

"ಲಿಖಿತಾ, ನೀನು ಬಾ."

ನನ್ನ ಮಗಳು ಬೆವರು ಒರೆಸಿಕೊಂಡು ನನ್ನನ್ನೂ ಗೇಟನ್ನೂ ನೋಡಿದಳು. "ಅಪ್ಪ ರಸ್ತೆಯಲ್ಲೇ ಬಾ ಅಂದಿದ್ದಾರೆ. ಹೂವಿಗೆ ತೊಂದ್ರೆ ಆಗ್ತದೆ ಅವ್ವಾ."

ಅವಳಿಗೋಸ್ಕರ ಊರೆಲ್ಲ ಜಗಳ ಮಾಡಿದವಳು ನಾನು, ಅವಳು ನಿಂತದ್ದು ಹೂವಿನ ಪರ. ಕೆನ್ನೆಗೆ ಬಿಡೋಣ ಎನ್ನಿಸಿತು. ಕೈ ಹಿಡಿದು ಒಳಗೆಳೆದೆ. ಅವಳು ಅಳಲಿಲ್ಲ, ಗಿಡಗಳಿಗೆ ಚೀಲ ತಾಗದಂತೆ ಎದೆಗೆ ಅವುಚಿಕೊಂಡು ಹೆಜ್ಜೆ ಹೆಜ್ಜೆಗೂ ಹಿಂದೆ ನೋಡುತ್ತಾ ಬಂದಳು. ಉಳಿದವರು ಗೇಟಿನ ಹತ್ತಿರವೇ ನಿಂತು ನೋಡುತ್ತಿದ್ದರು.

ಮೊದಲ ತಿರುವಿನಲ್ಲೇ ನಗು ಕೇಳಿಸಿತು. ಯಾರದೋ ಫೋನಿನಲ್ಲಿ ಹಾಡು.

ತಿರುವಿನಾಚೆ, ಬಂಗಲೆಯ ಕಡೆಯಿಂದ ತೋಟಕ್ಕೆ ಇಳಿದಿದ್ದ ಹೋಂಸ್ಟೇಯವರು. ಒಬ್ಬಳು ಗಿಡಗಳ ನಡುವೆ ಒಳಗೇ ಹೋಗಿ ನಿಂತು ಹೂವಿನ ರೆಂಬೆಯನ್ನು ಕೆನ್ನೆಗೆ ಎಳೆದುಕೊಂಡಿದ್ದಳು. ಅವಳ ಗಂಡ ವೀಡಿಯೋ ಮಾಡುತ್ತಾ "ಇನ್ನೂ ಅಲ್ಲಾಡಿಸು, ಬೀಳೋದು ಚೆನ್ನಾಗಿ ಬರ್ತಿದೆ" ಅನ್ನುತ್ತಿದ್ದ. ಎಸಳುಗಳು ಬೆಳ್ಳಗೆ ಉದುರುತ್ತಿದ್ದವು. ದಾರಿಯ ಬದಿಯಲ್ಲಿ ಲಿಖಿತಾಳ ವಯಸ್ಸಿನ ಅವರ ಮಗಳು ಐಸ್‌ಕ್ರೀಮ್ ತಿನ್ನುತ್ತಾ ನಿಂತಿದ್ದಳು. ಅವಳ ತಲೆಯ ಮೇಲೆ ಬಂಗಲೆಯ ದೊಡ್ಡ ಬಣ್ಣದ ಕೊಡೆ. ಕೊಡೆ ಹಿಡಿದಿದ್ದವರು ನನ್ನ ಗಂಡ.

ಇವರು ನಮ್ಮನ್ನು ನೋಡಿದರು. ಮೊದಲು ನನ್ನನ್ನು, ಆಮೇಲೆ ಮಗಳನ್ನು. ನನ್ನ ನಾಲಿಗೆಯ ತುದಿಯಲ್ಲಿ ಆಡಲಿಕ್ಕೆ ಎಷ್ಟು ಇತ್ತೆಂದರೆ ಯಾವುದರಿಂದ ಶುರು ಮಾಡುವುದೆಂದೇ ತಿಳಿಯಲಿಲ್ಲ.

ಲಿಖಿತಾ ಎದೆಗೆ ಅವುಚಿಕೊಂಡಿದ್ದ ಚೀಲವನ್ನು ಇಳಿಸಿ ಬೆನ್ನಿಗೆ ಹಾಕಿಕೊಂಡಳು. ನನ್ನ ಕೈ ಬಿಡಿಸಿಕೊಂಡು ನೇರ ನಡೆದು ಅಪ್ಪನ ಹತ್ತಿರ ಹೋದಳು.

"ಅವರು ಗೆಸ್ಟ್ ಮಗಾ," ಅಂದರು ಇವರು. ಧ್ವನಿ ಅಷ್ಟು ಸಣ್ಣಗಾದದ್ದು ನಾನು ಕೇಳಿದ್ದೇ ಇಲ್ಲ. "ಸಾವ್ಕಾರ್ರೇ ಹೇಳಿದ್ದು, ತೋರಿಸಿ ಬಾ ಅಂತ. ಬಾ, ನೀನೂ ಬಾ, ತಲೆ ಸುಡ್ತದೆ." ಕೊಡೆಯನ್ನು ಅವಳ ಕಡೆಗೆ ವಾಲಿಸಿದರು.

ಲಿಖಿತಾ ತಲೆ ಎತ್ತಿ ಕೊಡೆಯನ್ನು ನೋಡಿದಳು. ಅದರಾಚೆ ಅತ್ತಿ ಮರವನ್ನು ನೋಡಿದಳು.

"ಬೇಡ ಅಪ್ಪ. ಇಲ್ಲಿ ನೆರಳುಂಟು," ಅಂದಳು.

ಮತ್ತೆ ಹಿಂದೆ ತಿರುಗಿ, ಗೇಟಿನ ಕಡೆಗೆ, ತೋಟವೆಲ್ಲ ಕೇಳುವ ಹಾಗೆ ಕೂಗಿದಳು: "ಚಿನ್ನೀ, ಎಲ್ಲರೂ ಬನ್ನಿ! ಎಂತದೂ ಆಗುದಿಲ್ಲ!"

ಮಕ್ಕಳು ಓಡಿಬಂದರು. ವೀಡಿಯೋ ಮಾಡುತ್ತಿದ್ದವನು ಫೋನು ಇಳಿಸಿ ದಾರಿ ಬಿಟ್ಟ. ಮಕ್ಕಳೆಲ್ಲ ನನ್ನ ಗಂಡನ ಪಕ್ಕದಲ್ಲೇ ಹಾದುಹೋದರು. ನಾನೂ ಮಕ್ಕಳ ಹಿಂದೆಯೇ ಹೋದೆ. ಇವರು ಕೊಡೆ ಹಿಡಿದೇ ನಿಂತಿದ್ದರು.

ಕೀ ಈಗಲೂ ನನ್ನ ಸೆರಗಿನಲ್ಲಿದೆ. ಇನ್ನೊಂದು ಪರೀಕ್ಷೆ ಬಾಕಿ ಇದೆ. ಸಂಜೆ ಇವರು ಮನೆಗೆ ಬಂದು ಮೊಳೆಯ ಕಡೆ ಒಮ್ಮೆ ನೋಡಿದರು, ಕೀ ಎಲ್ಲಿ ಎಂದು ಕೇಳಲಿಲ್ಲ. ಮಗಳು ಊಟದ ತಟ್ಟೆ ತೆಗೆದುಕೊಂಡು ನನ್ನ ಪಕ್ಕಕ್ಕೆ ಬಂದು ಕೂತಳು. ದಿನಾ ಅವಳು ಕೂರುತ್ತಿದ್ದದ್ದು ಅಪ್ಪನ ಪಕ್ಕದಲ್ಲಿ.